ಮೊಳಕೆ ನೋಡುವವರು: ಮಗಳಿಗೊಂದು ಪತ್ರ

ಪುಟ್ಟಿ,

ಮೊದಲು ತಪ್ಪೊಪ್ಪಿಗೆ. ಗುರುವಾರ ಕಾರಿನಲ್ಲಿ ನಾನು ಆಡಿದ ಮಾತು ಸರಿಯಿರಲಿಲ್ಲ. ಆಸ್ಟ್ರೇಲಿಯಾದ ಈ ಉದ್ದನೆ ಚೆಂಡಿನ ಫುಟ್ಬಾಲಿಗೆ, ನಿಮ್ಮ ಫೂಟಿಗೆ, ಆಯ್ಕೆಯಾದವರ ಲಿಸ್ಟಿನಲ್ಲಿ ನಿನ್ನ ಹೆಸರಿಲ್ಲ ಅಂತ ಗೊತ್ತಾಗಿ ಹತ್ತು ನಿಮಿಷವೂ ಆಗಿರಲಿಲ್ಲ. ನೀನು ಕಿಟಕಿ ಕಡೆ ತಿರುಗಿ ಕೂತು ಮೌತ್‌ಗಾರ್ಡ್ ಡಬ್ಬಿಯ ಮುಚ್ಚಳ ತೆಗೆಯುತ್ತ, ಹಾಕುತ್ತ ಇದ್ದೆ. ಟಕ್, ಟಕ್. "ನಾನು ಕುಳ್ಳಿ ಅಂತಾನಾ ಅಪ್ಪಾ?" ಅಂತ ಕೇಳಿದೆ. ನಾನೋ, "ಹೋಗ್ಲಿ ಬಿಡು, ಒಳ್ಳೇದೇ ಆಯ್ತು, ಓದೋಕೆ ಟೈಮ್ ಸಿಗುತ್ತೆ" ಅಂದೆ. ಡಬ್ಬಿಯ ಸದ್ದು ನಿಂತುಹೋಯಿತು. ಮನೆ ತಲುಪುವವರೆಗೂ ಇಬ್ಬರೂ ಮಾತಾಡಲಿಲ್ಲ.

ಇಂಗ್ಲಿಷಿನಲ್ಲಿ ಬರೆದರೆ ಆಫೀಸಿನ ಈಮೇಲ್ ಥರ ಆಗಿಬಿಡುತ್ತದೆ, ಅದಕ್ಕೇ ಕನ್ನಡ. ಭಾನುವಾರದ ಕನ್ನಡ ಶಾಲೆಯಲ್ಲಿ ಕಲಿತದ್ದು ಸಾಲದಿದ್ದರೆ ಅಮ್ಮನ ಹತ್ತಿರ ಓದಿಸಿಕೋ. ಅವಳು ನನ್ನನ್ನು ಬೈಯುವ ಕಡೆ ದನಿ ಏರಿಸಿ ಓದುತ್ತಾಳೆ, ಸುಮ್ನೆ ಕೇಳು.

ನಿನ್ನ ಪ್ರಶ್ನೆಗೆ ನಿಜವಾದ ಉತ್ತರ: ಸ್ವಲ್ಪ ಮಟ್ಟಿಗೆ ಹೌದು. ಇಲ್ಲಿ ವಯಸ್ಸಿನ ಗುಂಪು ಜನವರಿ 1ಕ್ಕೆ ಶುರುವಾಗುತ್ತದೆ. ನೀನು ಹುಟ್ಟಿದ್ದು ಡಿಸೆಂಬರ್ 19ಕ್ಕೆ. ನಿನ್ನ ಜೊತೆ ಟ್ರಯಲ್‌ಗೆ ನಿಂತ ಜನವರಿಯ ಹುಡುಗಿ ನಿನಗಿಂತ ಹನ್ನೊಂದು ತಿಂಗಳು ದೊಡ್ಡವಳು. ಹನ್ನೆರಡನೇ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಅಂದರೆ ಮೂರು ನಾಲ್ಕು ಬೆರಳು ಎತ್ತರ. ದೊಡ್ಡವಳು ಆಗ ತಂಡಕ್ಕೆ ಆಯ್ಕೆಯಾಗುತ್ತಾಳೆ, ಒಳ್ಳೇ ಕೋಚ್ ಸಿಗುತ್ತಾರೆ, ಜಾಸ್ತಿ ಆಡುತ್ತಾಳೆ. ಹದಿನಾರಕ್ಕೆ ಬರುವಷ್ಟರಲ್ಲಿ ನಿಜವಾಗಿಯೂ ಒಳ್ಳೆಯ ಆಟಗಾರ್ತಿಯೇ ಆಗಿರುತ್ತಾಳೆ. ಯಾರೂ ಮೋಸ ಮಾಡಿಲ್ಲ. ಆದರೂ ಲೆಕ್ಕ ಮೊದಲೇ ಸ್ವಲ್ಪ ವಾಲಿರುತ್ತದೆ. ಕುಳ್ಳಗಿರುವುದಕ್ಕೆ ನಿಮ್ಮಮ್ಮನ ಕಡೆಯವರೂ ಕಾರಣ, ಆ ಮಾತು ಇಲ್ಲಿಗೇ ಸಾಕು.

ಅಜ್ಜಿ ಒಂದು ಮಾತು ಹೇಳುತ್ತಿದ್ದರಲ್ಲ, ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತ. ತಾತ ಅದನ್ನು ಮಾಡಿಯೇ ತೋರಿಸುತ್ತಿದ್ದರು. ತಿಪಟೂರಿನ ಹತ್ತಿರದ ನಮ್ಮ ತೆಂಗಿನ ತೋಟದಲ್ಲಿ ಸಸಿ ಆರಿಸುವ ದಿನ ನಾನು ಅವರ ಹಿಂದೆ ಬುಟ್ಟಿ ಹಿಡಿದು ನಡೆಯಬೇಕಿತ್ತು. ಚೆನ್ನಾಗಿ ಕಾಯಿ ಬಿಡುವ ಮರದಿಂದಲೇ ಬೀಜದ ಕಾಯಿ. ಮಡಿಯಲ್ಲಿ ಬೇಗ ಮೊಳೆತದ್ದು, ಬುಡ ದಪ್ಪ ಇರುವುದು, ಗರಿ ಬೇಗ ಸೀಳುವುದು ಒಂದು ಕಡೆ. ಬುಡವನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಡಿದು ನೋಡುತ್ತಿದ್ದರು, ಮಗುವಿನ ಕೈ ಮಣಿಕಟ್ಟು ಹಿಡಿದ ಹಾಗೆ. ಆರು ತಿಂಗಳಾದರೂ ಮೊಳೆಯದ ಕಾಯಿ ಸ್ನಾನದ ಮನೆಯ ಒಲೆಗೆ. ಒಲೆಗೆ ಹೋಗಬೇಕಿದ್ದ ಕಾಯೊಂದು ಹಿತ್ತಲಲ್ಲಿ ಮರವಾಗಿ ಎಲ್ಲರಿಗಿಂತ ಜಾಸ್ತಿ ಫಲ ಕೊಟ್ಟ ಕಥೆ ಹೇಳಿ ನಿನ್ನನ್ನು ಸಮಾಧಾನ ಮಾಡಬಹುದಿತ್ತು. ಅಂಥ ಮರ ನಮ್ಮ ತೋಟದಲ್ಲಿರಲಿಲ್ಲ. ತಾತನ ಕಣ್ಣು ಹೆಚ್ಚಿನ ಸಲ ಸರಿಯಾಗಿಯೇ ನೋಡುತ್ತಿತ್ತು.

ಸ್ಕೌಟ್‌ಗಳೂ ಹಾಗೇ. ಒಳ್ಳೇ ಆಟಗಾರರನ್ನು ಹುಡುಕಿ ಆರಿಸುವ ಅವರು ಪೆದ್ದರಲ್ಲ. 2001ರ ಡ್ರಾಫ್ಟ್ ನೋಡು, ಅದೇ, ದೊಡ್ಡ ಲೀಗಿನ ಕ್ಲಬ್ಬುಗಳು ಸರದಿಯ ಪ್ರಕಾರ ಹೊಸ ಹುಡುಗರನ್ನು ಆರಿಸಿಕೊಳ್ಳುವುದು. ಮೊದಲ ಹೆಸರು ಲೂಕ್ ಹಾಜ್, ಮೂರನೆಯದು ಕ್ರಿಸ್ ಜಡ್. ಹಾಜ್ ನಾಲ್ಕು ಪ್ರೀಮಿಯರ್‌ಶಿಪ್, ಅಂದರೆ ಲೀಗಿನ ಕಪ್, ಗೆದ್ದ, ಜಡ್ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕ ಎರಡು ಸಲ ತಗೊಂಡ. ಮೊಳಕೆ ಸರಿಯಾಗೇ ನೋಡಿದ್ದರು. ಆದರೆ ಅದೇ ವರ್ಷ 58ನೇ ಹೆಸರಾಗಿ ಕಾಲಿಂಗ್‌ವುಡ್ ಕ್ಲಬ್ ಕರೆದದ್ದು ಡೇನ್ ಸ್ವಾನ್‌ನನ್ನು. ಹತ್ತು ವರ್ಷದ ಮೇಲೆ, 2011ರಲ್ಲಿ, ಬ್ರೌನ್‌ಲೋ ಅವನ ಕೊರಳಿಗೂ ಬಂತು. 58ಕ್ಕಿಂತ ಮುಂಚೆ ಅಷ್ಟೂ ಕ್ಲಬ್ಬುಗಳು ಅವನ ಹೆಸರನ್ನು ದಾಟಿ ಹೋಗಿದ್ದವು, ಕೆಲವಂತೂ ಮೂರು ನಾಲ್ಕು ಸಲ.

ಈ ಡ್ರಾಫ್ಟ್ ಅನ್ನೋದೇ ನನಗೆ ಮೊದಮೊದಲು ವಿಚಿತ್ರ ಅನಿಸುತ್ತಿತ್ತು. ಕೊನೇ ಸ್ಥಾನ ಬಂದ ತಂಡಕ್ಕೆ ಮೊದಲ ಆಯ್ಕೆ! ನಮ್ಮಲ್ಲಿ ಫೇಲಾದವನಿಗೆ ಬೆತ್ತ ಸಿಗುತ್ತಿತ್ತು, ಇಲ್ಲಿ ಊರಿಗೇ ಒಳ್ಳೇ ಹುಡುಗ ಸಿಗುತ್ತಾನೆ. 1986ರಲ್ಲಿ ಶುರುವಾದ ಪದ್ಧತಿ. ಅದಕ್ಕೆ ಮುಂಚೆ ವಿಕ್ಟೋರಿಯಾದ ಹಳ್ಳಿಗಾಡನ್ನು ಕ್ಲಬ್ಬುಗಳಿಗೆ ಹೋಬಳಿ ಹಂಚಿದ ಹಾಗೆ ಹಂಚಿದ್ದರು. ಮಾರ್ನಿಂಗ್ಟನ್ ಪೆನಿನ್ಸುಲಾದ ಹುಡುಗ ಎಷ್ಟೇ ಚೆನ್ನಾಗಿ ಆಡಲಿ, ಹಾಥಾರ್ನ್ ಕ್ಲಬ್ಬಿಗೇ ಹೋಗಬೇಕು. ಮನೆ ವಿಳಾಸವೇ ಹಣೆಬರಹ. ಈಗ ಹಣೆಬರಹ ಬರೆಯುವವರು ಮೈದಾನದ ಅಂಚಿನಲ್ಲಿ ಪುಸ್ತಕ ಹಿಡಿದು ನಿಂತಿರುತ್ತಾರೆ, ಅಷ್ಟೇ ವ್ಯತ್ಯಾಸ.

ಆ ಪುಸ್ತಕದವರನ್ನು ನಾನು ನಾಲ್ಕು ತಿಂಗಳು ಗಮನಿಸಿದೆ. ನವೆಂಬರಿನಿಂದ ಫೆಬ್ರವರಿವರೆಗೆ ನಿನ್ನ ಟ್ರಯಲ್‌ಗಳಿಗೆ ಕಾರು ಓಡಿಸಿದ ನನಗೆ ಬೇರೆ ಕೆಲಸ ಏನಿತ್ತು? 20 ಮೀಟರ್ ಓಟ, ನಿಂತಲ್ಲಿಂದ ಎಗರುವುದು, ಕೋಲುಗಳ ಮಧ್ಯೆ ತಿರುಗಿ ಓಡುವುದು, ಕೊನೆಗೆ ಜೀವ ಹಿಂಡುವ ಎರಡು ಕಿಲೋಮೀಟರ್. ಇದೆಲ್ಲ ಗಡಿಯಾರ ಬರೆದುಕೊಳ್ಳುತ್ತದೆ. ಮ್ಯಾಚ್ ಶುರುವಾದ ಮೇಲೆ ಮಾತ್ರ ಅವರ ಕಣ್ಣು ಚೆಂಡಿನ ಮೇಲೆ ಇರುವುದೇ ಇಲ್ಲ. ನಮ್ಮ ಕ್ಲಬ್ಬಿನ ಹಳೇ ಟ್ರೇನರ್ ಅಜ್ಜ, ಅದೇ, ಯಾವಾಗಲೂ ಕಿತ್ತಳೆ ಹಣ್ಣು ಹೋಳು ಮಾಡುತ್ತಿರುತ್ತಾರಲ್ಲ, ಅವರು ಹೇಳಿಕೊಟ್ಟರು. ಚೆಂಡು ಕಳಕೊಂಡ ಮೇಲಿನ ಮೂರು ಸೆಕೆಂಡ್ ನೋಡು, ಯಾರು ನಿಲ್ಲುತ್ತಾರೆ, ಯಾರು ಮತ್ತೆ ಚೆಂಡಿನ ಬೆನ್ನು ಹತ್ತುತ್ತಾರೆ ಅಂತ. ಆಮೇಲೆ ಬೇಡದ ಕಾಲಿನ, ಅಂದರೆ ರೂಢಿಯಿಲ್ಲದ ಕಾಲಿನ, ಒದೆತ ನೋಡು.

ಬೇಡದ ಕಾಲು! ನಿನ್ನ ಎಡಗಾಲಿನ ಕಥೆ ಈ ಬೀದಿಗೆಲ್ಲ ಗೊತ್ತು. ಎರಡು ಚಳಿಗಾಲ ಹಿತ್ತಲಿನ ತಗಡಿನ ಬೇಲಿಗೆ ಒದ್ದೆ. ಚೆಂಡನ್ನು ನೆಟ್ಟಗೆ ಹಿಡಿಯುವುದು, ಹೊಲಿಗೆ ಆಚೆ ಕಡೆ, ಎಡಗೈಯಿಂದ ಅಲುಗಿಸದೆ ಬಿಡುವುದು, ಬೂಟು ಕೆಳತುದಿಗೆ ತಾಗಬೇಕು, ಚೆಂಡು ಹಿಂದಕ್ಕೆ ಉರುಳುತ್ತ ಹೋಗಬೇಕು. ಈ ಒದೆತದ ಹೆಸರು ಡ್ರಾಪ್ ಪಂಟ್. ಮೊದಲ ಚಳಿಗಾಲ ಸದ್ದು 'ಡಬ್' ಅಂತ ಎಲ್ಲೆಲ್ಲೋ ಬರುತ್ತಿತ್ತು. ಎರಡನೇ ಚಳಿಗಾಲ ನಾನು ಅಡುಗೆ ಮನೆಯಲ್ಲಿ ಒಗ್ಗರಣೆ ಹಾಕುತ್ತ ಸದ್ದು ಕೇಳಿಯೇ ಹೇಳುತ್ತಿದ್ದೆ, ಇದು ಎಡಗಾಲು, ಸರಿಯಾಗಿ ಬಿತ್ತು. ಆ ತಗಡಿನ ತಗ್ಗುಗಳೆಲ್ಲ ಈಗ ಒಂದೇ ಮೊಳದೊಳಗೆ ಇವೆ. ಪಕ್ಕದ ಮನೆಯವರು ದೂರು ಕೊಟ್ಟಿಲ್ಲ ಅನ್ನೋದು ನಮ್ಮ ಪುಣ್ಯ.

ಇದನ್ನು ಯಾವ ಸ್ಕೌಟೂ ನೋಡಿಲ್ಲ. ಅವರು ನೋಡಿದ್ದು ಈ ವರ್ಷದ ನಿನ್ನನ್ನು. ಕಳೆದ ವರ್ಷದಿಂದ ಈ ವರ್ಷಕ್ಕೆ ನೀನು ಎಷ್ಟು ದೂರ ಬಂದೆ ಅನ್ನೋದು ಗಡಿಯಾರದಲ್ಲಿ ಬರುವುದಿಲ್ಲ. ತಾತ ಮೊಳಕೆ ನೋಡಲು ಒಂದು ಬೆಳಗ್ಗೆ ಖರ್ಚು ಮಾಡುತ್ತಿದ್ದರು. ನಮ್ಮ ಎತ್ತರದ ತಳಿ ಕಾಯಿ ಬಿಡಲು ಆರೇಳು ವರ್ಷ ಬೇಕು. ಅಷ್ಟೂ ವರ್ಷ ನೀರು ಹಾಕಿದ್ದು ಅಜ್ಜಿ ಮತ್ತು ನಾನು. ಊರಲ್ಲಿ ಹೆಸರು ಬಂದದ್ದು ತಾತನ ಕಣ್ಣಿಗೆ.

ನೀರು ಹಾಕುವುದು ಅಂದರೆ ಏನು ಅಂತ ನನಗೆ ತಿಳಿದದ್ದು ಜಿಮ್ ಸ್ಟೈನ್ಸ್ ಕಥೆಯಿಂದ. ಡಬ್ಲಿನ್ ಹುಡುಗ. ಐರ್ಲೆಂಡಿನ ಗೇಲಿಕ್ ಫುಟ್ಬಾಲ್ ಆಡುತ್ತಿದ್ದ, ಅದರ ಚೆಂಡು ದುಂಡಗೆ. ಮೆಲ್ಬರ್ನ್ ಕ್ಲಬ್ ಅಲ್ಲಿನ ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತು ನೋಡಿ 1984ರಲ್ಲಿ, ಹದಿನೆಂಟಕ್ಕೆ, ಇಲ್ಲಿಗೆ ಬಂದ. ಉದ್ದನೆ ಚೆಂಡನ್ನು ಎಲ್ಲಿ ಹಿಡಿಯಬೇಕು ಅನ್ನೋದೇ ಗೊತ್ತಿರಲಿಲ್ಲ. ಮೊದಲು ಅಂಡರ್-19, ಆಮೇಲೆ ಕಲಿಯಲಿ ಅಂತ ಕೆಳಗಿನ ಲೀಗಿನ ಪ್ರಾಹ್ರಾನ್ ತಂಡಕ್ಕೆ ಕಳಿಸಿದರು. 1987ರಲ್ಲಿ ದೊಡ್ಡ ತಂಡ. ಅದೇ ವರ್ಷ ಫೈನಲ್ಲಿಗೆ ಮುಂಚಿನ ಪಂದ್ಯ, ಪ್ರಿಲಿಮಿನರಿ ಫೈನಲ್, ಹಾಥಾರ್ನ್ ಎದುರು. ಮೆಲ್ಬರ್ನ್ ನಾಲ್ಕು ಪಾಯಿಂಟ್ ಮುಂದೆ. ಹಾಥಾರ್ನ್‌ನ ಗ್ಯಾರಿ ಬಕನಾರಾಗೆ ಫ್ರೀ ಕಿಕ್, ಆದರೆ ಗೋಲು ತುಂಬ ದೂರ, ಆಟ ಮುಗಿದ ಸೈರನ್ ಬೇರೆ ಆಗಿಹೋಗಿತ್ತು. ಆಗ ಸ್ಟೈನ್ಸ್ ಅವನ ಮುಂದೆ ಅಡ್ಡ ಓಡಿಬಿಟ್ಟ. ಹಾಗೆ ಓಡಬಾರದು ಅನ್ನೋದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಅಂಪೈರ್ 15 ಮೀಟರ್ ಮುಂದೆ ಕರಕೊಂಡು ಹೋದ, ಬಕನಾರಾ ಆರು ಪಾಯಿಂಟಿನ ಗೋಲು ಹೊಡೆದ, ಹಾಥಾರ್ನ್ ಎರಡು ಪಾಯಿಂಟಿನಿಂದ ಗೆದ್ದಿತು.

ಇಪ್ಪತ್ತೊಂದು ವರ್ಷದ ಹುಡುಗ. ಪರದೇಶ. ಇಡೀ ಊರಿನ ಶಾಪ. ಅವನನ್ನು ಮುಂದಿನ ವಿಮಾನಕ್ಕೆ ಹತ್ತಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಕ್ಲಬ್ ಹಾಗೆ ಮಾಡಲಿಲ್ಲ, ಅವನೂ ಓಡಿಹೋಗಲಿಲ್ಲ. 1991ರಲ್ಲಿ ಬ್ರೌನ್‌ಲೋ ಗೆದ್ದ. ಒಂದನ್ನೂ ತಪ್ಪಿಸದೆ ಸತತ 244 ಪಂದ್ಯ ಆಡಿದ. ಜಾಹೀರಾತು ಕೊಟ್ಟವರ ಜಾಣತನವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಕುತೂಹಲ ಇರುವುದು ಆ ಸೋಲಿನ ಮರುದಿನ ಅವನ ಪಕ್ಕ ಕೂತು ಕಾಫಿ ಕುಡಿದವರು ಯಾರು ಅನ್ನೋದರ ಬಗ್ಗೆ.

ಗುರುವಾರ ನಿನ್ನ ಪಕ್ಕ ಕೂತಿದ್ದವನು ನಾನು. ಹೇಗೆ ಕೂತಿದ್ದೆ ಅಂತ ಮೇಲೆ ಬರೆದಿದ್ದೇನೆ.

ಹುಡುಗಿಯರ ವಿಷಯಕ್ಕೆ ಬಂದರೆ ಕಥೆ ಇನ್ನೂ ಹೊಸದು. ಸ್ಯಾಮ್ ಕರ್ ಗೊತ್ತಲ್ಲ, ಆಸ್ಟ್ರೇಲಿಯಾದ ಹೆಂಗಸರ ಸಾಕರ್ ತಂಡ ಮಟಿಲ್ಡಾಸ್‌ನವರು. ಅವರ ಅಪ್ಪ ಹುಟ್ಟಿದ್ದು ಕೋಲ್ಕತ್ತದಲ್ಲಿ. ಅಣ್ಣ ಡೇನಿಯಲ್ ಕರ್ ಫೂಟಿಯ ವೆಸ್ಟ್ ಕೋಸ್ಟ್ ಕ್ಲಬ್ಬಿಗೆ ಆಡಿದವನು. ಸ್ಯಾಮ್ ಕೂಡ ಚಿಕ್ಕಂದಿನಲ್ಲಿ ಫೂಟಿಯೇ ಆಡುತ್ತಿದ್ದರು. ಹನ್ನೆರಡರ ಹೊತ್ತಿಗೆ ಹುಡುಗರ ಜೊತೆ ಆಡುವುದಕ್ಕೆ ದಾರಿ ಇಲ್ಲದೆ ಸಾಕರ್‌ಗೆ ಹೋದರು. ಮೊಳಕೆ ಇತ್ತು, ಮಡಿಯೇ ಇರಲಿಲ್ಲ. ಮೆಲ್ಬರ್ನಿನ ಮೂವರು ಹುಡುಗಿಯರು ಇದೇ ವಿಷಯಕ್ಕೆ ಟ್ರಿಬ್ಯೂನಲ್ ಮೆಟ್ಟಿಲು ಹತ್ತಿದರು, ಅವರಲ್ಲಿ ಒಬ್ಬರಾದ ಪೆನಿ ಕುಲಾ-ರೀಡ್ ಆಮೇಲೆ ಕಾಲಿಂಗ್‌ವುಡ್‌ಗೆ ಆಡಿದರು. ಹೆಂಗಸರ ಲೀಗಿನ ಮೊದಲ ಪಂದ್ಯ ನಡೆದದ್ದು 2017ರ ಫೆಬ್ರವರಿ 3ಕ್ಕೆ, ಪ್ರಿನ್ಸಸ್ ಪಾರ್ಕಿನಲ್ಲಿ. ಜನ ಜಾಸ್ತಿಯಾಗಿ ಗೇಟು ಮುಚ್ಚಿದರು. ಆ ವರ್ಷ ಅತ್ಯುತ್ತಮ ಆಟಗಾರ್ತಿ ಆದ ಎರಿನ್ ಫಿಲಿಪ್ಸ್‌ಗೆ ಆಗಲೇ 31. ಹದಿನೇಳರಲ್ಲಿ ಅವರನ್ನು ಆರಿಸುವ ಲಿಸ್ಟೇ ಇರಲಿಲ್ಲ, ಅಷ್ಟೂ ವರ್ಷ ಬಾಸ್ಕೆಟ್‌ಬಾಲ್ ಆಡುತ್ತಿದ್ದರು.

ಅದಿರಲಿ. ಈ ಪತ್ರ ಬರೆಯಲು ಕೂತದ್ದಕ್ಕೆ ಇನ್ನೊಂದು ಕಾರಣ ಇದೆ. ಅದನ್ನು ಅಮ್ಮನಿಗೂ ಹೇಳಿಲ್ಲ.

ನಮ್ಮ ಕ್ಲಬ್ಬಿಗೆ ಹುಡುಗಿಯರನ್ನು ಸೇರಿಸುವ ಕೆಲಸ ನಾನೇ ಹೊತ್ತುಕೊಂಡಿದ್ದೆನಲ್ಲ. ಕನ್ನಡ ಸಂಘದ ಯುಗಾದಿ ಊಟದ ಸಾಲಿನಲ್ಲಿ, ದೇವಸ್ಥಾನದ ಪಾರ್ಕಿಂಗಿನಲ್ಲಿ, ಸಿಕ್ಕಸಿಕ್ಕ ಅಪ್ಪ ಅಮ್ಮಂದಿರ ಹತ್ತಿರ ಹಲ್ಲು ಗಿಂಜಿದ್ದೇನೆ. "ಕ್ರಿಕೆಟ್ ಬೇಸಿಗೆಗೆ ಇರ್ಲಿ ಸಾರ್, ಚಳಿಗಾಲಕ್ಕೆ ಇದು." ಮೊದಲ ಪ್ರಶ್ನೆ ಯಾವಾಗಲೂ ಮಂಡಿಯದೇ. ಅದು ಸುಮ್ನೆ ಭಯ ಅಲ್ಲ, ಹುಡುಗಿಯರಿಗೆ ಮಂಡಿಯ ಲಿಗಮೆಂಟ್ ಹರಿಯುವ ಅಪಾಯ ಹುಡುಗರಿಗಿಂತ ಜಾಸ್ತಿ. ಅದಕ್ಕೇ ಎರಡೂ ಕಾಲಿನ ಮೇಲೆ ಇಳಿಯುವುದನ್ನು, ಮಂಡಿ ಒಳಕ್ಕೆ ಬಾಗದ ಹಾಗೆ ತಿರುಗುವುದನ್ನು ವಾರ್ಮಪ್ಪಿನಲ್ಲಿ ಅಭ್ಯಾಸ ಮಾಡಿಸುತ್ತೇವೆ ಅಂತ ಹೇಳಿ ಒಪ್ಪಿಸುತ್ತಿದ್ದೆ. ಹಾಗೆ ಕರೆತಂದವರಲ್ಲಿ ಒಬ್ಬಳು ಹನ್ನೊಂದರ ಹುಡುಗಿ. ಸಣ್ಣಗೆ, ಮಾತು ಕಮ್ಮಿ. ಕಳೆದ ವರ್ಷ ಅಂಡರ್-12 ತಂಡದಲ್ಲಿ ಯಾರು ಎಲ್ಲಿ ನಿಲ್ಲಬೇಕು ಅಂತ ಬೋರ್ಡಿನ ಮೇಲೆ ಮ್ಯಾಗ್ನೆಟ್ ಅಂಟಿಸುತ್ತಿದ್ದವನು ನಾನು. ಅವಳ ಮ್ಯಾಗ್ನೆಟ್ಟನ್ನು ಮೊದಲ ವಾರವೇ ಫಾರ್ವರ್ಡ್ ಪಾಕೆಟ್ಟಿಗೆ, ಅಂದರೆ ಗೋಲಿನ ಪಕ್ಕದ ಮೂಲೆಗೆ, ಅಂಟಿಸಿದೆ. ಆ ವಯಸ್ಸಿನ ಆಟದಲ್ಲಿ ಚೆಂಡು ಆ ಮೂಲೆಗೆ ಬರುವುದೇ ಅಪರೂಪ. ಸೀಸನ್ ಮುಗಿಯುವವರೆಗೂ ಅದನ್ನು ಅಲ್ಲಿಂದ ಎತ್ತಲಿಲ್ಲ. ಉದ್ದನೆ ಹುಡುಗಿಯರು ಮಧ್ಯದಲ್ಲಿ, ಗೆಲುವು ಬರುತ್ತಿತ್ತು, ನನಗೂ ಖುಷಿ. ಆಗಸ್ಟಿನ ಒಂದು ಬೆಳಗ್ಗೆ ಮಳೆಯಲ್ಲಿ ನೀರಿನ ಬಾಟಲಿ ತಗೊಂಡು ಹೋದೆ. ಅವಳು ಗೋಲು ಕಂಬದ ಹತ್ತಿರ ನಿಂತು ಬೂಟಿನ ತುದಿಯಿಂದ ಕೆಸರಿನಲ್ಲಿ ತನ್ನ ಹೆಸರು ಬರೆಯುತ್ತಿದ್ದಳು. ಕನ್ನಡದಲ್ಲಿ. ಬಾಟಲಿ ಬೇಡ ಅಂದಳು, ಬಾಯಾರಿಕೆಯೇ ಆಗಿಲ್ಲ ಅಂತ.

ಈ ವರ್ಷ ಅವಳು ಹೆಸರು ಕೊಟ್ಟಿಲ್ಲ.

ಗುರುವಾರ ನಿನ್ನ ಡಬ್ಬಿಯ ಸದ್ದು ನಿಂತಾಗ ನನಗೆ ನೆನಪಾದದ್ದು ಆ ಕೆಸರು. ನಿನ್ನನ್ನು ಬಿಟ್ಟವರಾದರೂ ನಾಲ್ಕು ತಿಂಗಳು ಓಡಿಸಿ, ಅಳೆದು, ಆಮೇಲೆ ಬಿಟ್ಟರು. ನಾನು ಒಂದು ಮ್ಯಾಗ್ನೆಟ್ಟಿನಲ್ಲಿ ಮುಗಿಸಿದ್ದೆ.

ನಿನ್ನ ಲೆಕ್ಕ ಹೇಳುತ್ತೇನೆ. ಈ ವರ್ಷ ನೀನು ಬಾಟಮ್-ಏಜ್, ಅಂದರೆ ನಿನ್ನ ಗುಂಪಿನಲ್ಲಿ ಇದು ನಿನ್ನ ಮೊದಲ ವರ್ಷ. ಮುಂದಿನ ನವೆಂಬರಿನಲ್ಲಿ ಮತ್ತೆ ಟ್ರಯಲ್ ಇರುತ್ತದೆ, ಹೋಗುವುದು ಬಿಡುವುದು ನಿನಗೆ ಬಿಟ್ಟದ್ದು. ಹೋದರೆ ಕಾರು ನಾನು ಓಡಿಸುತ್ತೇನೆ, ಬಾಯಿ ಮುಚ್ಚಿಕೊಂಡು. ಅಲ್ಲಿಯವರೆಗೆ ನಮ್ಮ ಕ್ಲಬ್ಬಿನ ಹುಡುಗಿಯರ ತಂಡ ಇದೆ, ಮಂಗಳವಾರ ಸಂಜೆ ಪ್ರಾಕ್ಟೀಸ್. ಕೋಚ್ ನಿನ್ನನ್ನು ಮಧ್ಯದಲ್ಲಿ ಆಡಿಸುತ್ತೇನೆ ಅಂದಿದ್ದಾರೆ. ನಾನು ಹೇಳಿಸಿದ್ದಲ್ಲ, ಅವರಾಗೇ ಹೇಳಿದ್ದು.

ಶನಿವಾರ ಆ ಹುಡುಗಿಯ ಅಮ್ಮನಿಗೆ ಫೋನ್ ಮಾಡಬೇಕು ಅಂದುಕೊಂಡಿದ್ದೇನೆ. ಏನು ಹೇಳಬೇಕು ಅಂತ ಎರಡು ಸಲ ಬರೆದು ಹರಿದು ಹಾಕಿದೆ. ಈ ವಿಷಯದಲ್ಲಿ ಈಗ ನನಗಿಂತ ನಿನಗೆ ಜಾಸ್ತಿ ಗೊತ್ತು, ಅಲ್ವಾ? ಬೆಳಗ್ಗೆ ಹತ್ತಕ್ಕೆ. ಪಕ್ಕದಲ್ಲಿ ಬಂದು ಕೂತಿರುತ್ತೀಯಾ?

ನಿನ್ನ
ಅಪ್ಪ