ಸೈನ್ ಬೇಕಾದಾಗ ಮಾತ್ರ ನೆನಪಾಗೋ ಸಂಬಂಧಿಕರು

ಮಾನ್ಯ ಸಂಪಾದಕರೇ,

ಹೋದ ಡಿಸೆಂಬರ್‌ನಲ್ಲಿ ಪೌತಿ ಖಾತೆ, ಅಂದ್ರೆ ತೀರಿಹೋದವರ ಹೆಸರಲ್ಲಿರೋ ಜಮೀನನ್ನ ವಾರಸುದಾರರ ಹೆಸರಿಗೆ ಮಾಡ್ಸೋಣ ಅಂತ ನಾಡಕಚೇರಿಗೆ ಹೋಗಿದ್ದೆ. ಅಪ್ಪ ತೀರ್ಕೊಂಡು ಎರಡು ವರ್ಷ ಆಯ್ತು, ಊರಿನ ಗದ್ದೆ ಪಹಣಿ ಮಾತ್ರ ಇನ್ನೂ ತಾತನ ಹೆಸರಲ್ಲೇ ಇದೆ, ಹಂಗಾಗಿ ಮೊದಲು ವಂಶವೃಕ್ಷ ಬೇಕಿತ್ತು. ಕೌಂಟರ್‌ನಲ್ಲಿದ್ದ ಹುಡುಗ ತಾತನಿಗೆ ಎಷ್ಟು ಜನ ಮಕ್ಳು, ತೀರಿಹೋದವರ ಮಕ್ಕಳ ಹೆಸರನ್ನೂ ಬರೀರಿ ಅಂದ. ನಾಲ್ಕು ಗಂಡು ಮೂರು ಹೆಣ್ಣು ಅಂತೇನೋ ಬರೆದೆ, ಆದ್ರೆ ದೊಡ್ಡಪ್ಪನ ಮಕ್ಕಳ ಹತ್ರ ಬಂದಾಗ ಪೆನ್ನು ನಿಂತೋಯ್ತು. ಒಬ್ಬಳು ನಂಗೆ ಪುಟ್ಟಿ ಅಂತ್ಲೇ ಗೊತ್ತು. ಚಿಕ್ಕಪ್ಪನ ಮಗ ಗುಂಡ. ಬೇಸಿಗೆ ರಜದಲ್ಲಿ ಒಂದೇ ಚಾಪೆ ಮೇಲೆ ಮಲಗಿ ಬೆಳೆದೋರು, ದಾಖಲೆ ಹೆಸರು ಏನು ಅಂತ ಐವತ್ತು ದಾಟಿದ ನಂಗೆ ಗೊತ್ತಿಲ್ಲ!

ಕಡೂರಲ್ಲಿರೋ ಸೋದರತ್ತೆಗೆ ಫೋನ್ ಹಚ್ಚಿದೆ. ಎತ್ತಿದ ತಕ್ಷಣ "ಏನಪ್ಪಾ, ಈ ಸಲ ಯಾವ ಪತ್ರಕ್ಕೆ ಸೈನ್ ಹಾಕ್ಬೇಕು" ಅಂದ್ರು. ಏನು ಹೇಳ್ಲಿ, ಹಿಂದಿನ ಸಲ ಮಾಡಿದ್ದೂ ಅದಕ್ಕೇ.

ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಮಕ್ಳಿಗೂ ಗಂಡುಮಕ್ಕಳಷ್ಟೇ ಹಕ್ಕು, ಅದು ಆಗ್ಲೇಬೇಕಿತ್ತು. ಆದ್ರೆ ನಮ್ ಕಡೆ ನಡೆಯೋದೇನು? ಹಬ್ಬಕ್ಕೆ ಕರೀದೇ ಇರೋ ಅಣ್ತಮ್ಮಂದಿರು ಹಕ್ಕು ಬಿಡುಗಡೆ ಪತ್ರ ಬಂದಾಗ ಕಾರ್ ಕಳಿಸಿ ಕರೆಸ್ತಾರೆ, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹೆಬ್ಬೆಟ್ಟು ಒತ್ತಿಸಿ ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೈಗಿಟ್ಟು ವಾಪಸ್ ಬಸ್ ಹತ್ತಿಸ್ತಾರೆ. ನಮ್ ಮನೇಲೂ ಹಂಗೇ ಆಗಿದೆ, ಮುಚ್ಚಿಡೋದೇನು ಬಂತು.

ನಾಚಿಕೆ ಆಗಿ ಆ ಭಾನುವಾರವೇ ಅರಸೀಕೆರೆ ಬಾಣಾವರ ಮೇಲೆ ಕಡೂರಿಗೆ ಹೋದೆ. ಅತ್ತೆ ಹಜಾರದಲ್ಲಿ ಮೊರದ ತುಂಬ ಅವರೆಕಾಯಿ ಹಾಕ್ಕೊಂಡು ಸುಲೀತಾ ಕೂತಿದ್ರು. ಪೇಪರ್ ಇಲ್ಲ ಪೆನ್ ಇಲ್ಲ, ಕೈ ಅದರ ಪಾಡಿಗೆ ಓಡ್ತಾ ಇದೆ, ಬಾಯಲ್ಲಿ ಒಬ್ಬೊಬ್ಬರ ಹೆಸರು ಬರ್ತಾ ಇದೆ, ಯಾರಿಗೆ ಎಲ್ಲಿಂದ ಹೆಣ್ಣು ತಂದಿದ್ದು, ಯಾವ ಬಾಣಂತನ ಯಾರ ಮನೇಲಿ, ಯಾರು ಯಾರ ಷಡ್ಡಕ. ನಾನು ಬರ್ಕೊಳ್ತಾ ಇದ್ದೆ. ಒಂದು ಹೆಸರು ಹೇಳಿ ಕೈ ನಿಲ್ಲಿಸಿದ್ರು, "ಇದನ್ನ ಬರೀಬೇಡ, ತೊಟ್ಟಿಲಲ್ಲೇ ಹೋಯ್ತು, ನಿಮ್ಮಪ್ಪನಿಗಿಂತ ದೊಡ್ಡದು" ಅಂದ್ರು. ಅಪ್ಪ ಈ ವಿಷಯ ಒಂದಿನ ಬಾಯಿ ಬಿಟ್ಟಿರ್ಲಿಲ್ಲ.

ಊಟಕ್ಕೆ ಅಕ್ಕಿ ರೊಟ್ಟಿ, ಅದೇ ಅವರೆಕಾಳಿನ ಸಾರು. ಬಡಿಸ್ತಾ "2023ರಿಂದ ನಮಗೆಲ್ಲ ಬಸ್ಸು ಫ್ರೀ ಕಣೋ, ಚಾರ್ಜ್ ಇಲ್ಲ ಅಂತ ನಿಂತಿಲ್ಲ, ಕರೆಯೋರಿಲ್ಲದೆ ನಿಂತಿದೀನಿ" ಅಂದ್ರು. ಮೊದ್ಲು ಪಿತೃಪಕ್ಷದಲ್ಲಿ ದಾಯಾದಿಗಳೆಲ್ಲ ತಾತನ ಮನೇಲಿ ಸೇರಿ ಹಿರಿಯರಿಗೆ ಒಂದೇ ಎಡೆ ಇಡ್ತಿದ್ವಿ, ಈಗ ಏಳು ಮನೇಲಿ ಏಳು ಎಡೆ, ಅದರ ಫೋಟೋ ವಾಟ್ಸಾಪ್ ಗ್ರೂಪಲ್ಲಿ.

ಬೆಂಗಳೂರು ಕಸಿನ್‌ಗಳ ಮೇಲೆ ನಂಗೂ ಸಿಟ್ಟಿತ್ತು ಅನ್ನಿ. 2017ರಲ್ಲಿ ಕುಣಿಗಲ್ ಮೇಲೆ ಹಾಸನಕ್ಕೆ ನೇರ ರೈಲು ಆಯ್ತು, ಇನ್ಮೇಲೆ ಬರ್ತಾ ಇರ್ತಾರೆ ಅನ್ಕೊಂಡಿದ್ದೆ. ಅವರಿಗೆ ನಾವು ನೆನಪಾಗೋದು ಆಶ್ವಯುಜ ಹುಣ್ಣಿಮೆ ಕಳೆದು ಹಾಸನಾಂಬ ಬಾಗಿಲು ತೆಗೆದಾಗ, ಅದೂ "ಪಾಸ್ ಸಿಗುತ್ತಾ" ಅಂತ. ದರ್ಶನ ಮುಗಿಸಿ ಮನೆಗೂ ಬರದೆ ಹೋಗ್ತಾರೆ. ಅತ್ತೆ ಮನೆಯಿಂದ ವಾಪಸ್ ಬರುವಾಗ ಆ ಸಿಟ್ಟು ಅರ್ಧ ಇಳಿದಿತ್ತು, ನಾನೇನು ಕಮ್ಮಿ ಮಾಡಿದ್ದೆ?

ಅರ್ಜಿ ಇನ್ನೂ ಮುಂದೆ ಹೋಗಿಲ್ಲ. ಗುಂಡನ ಆಧಾರ್ ಬೇಕು, ಅವನು ಮಂಗಳೂರಲ್ಲಿದಾನೆ. ಮೊನ್ನೆ ಫೋನ್ ಮಾಡಿದೆ, ಆಧಾರ್ ಮಾತು ಮೊದಲೇ ಎತ್ತಬಾರದು ಅಂತ ಗಟ್ಟಿ ಮನಸ್ಸು ಮಾಡಿ, ಮಗಳು ಈಗ ಎಷ್ಟನೇ ಕ್ಲಾಸು ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದ. "ಕೆಲಸಕ್ಕೆ ಸೇರಿ ಎರಡು ವರ್ಷ ಆಯ್ತಣ್ಣ" ಅಂದ.

ಇಂತಿ,
ನಿಮ್ಮ ಓದುಗ, ಹಾಸನ