ದೀಕ್ಷೆಗೆ ಮುಂಚೆ ಮಗಳಿಗೊಂದು ಪತ್ರ

ಚಿ. ತ್ರಿಶಲಾಗೆ ಅಪ್ಪನ ಆಶೀರ್ವಾದ.

ದೀಪಾವಳಿ ಕಳೆದು ನಿನ್ನ ದೀಕ್ಷೆ ಆಗಿ ನೀನು ಆರ್ಯಿಕೆ, ಅಂದರೆ ನಮ್ಮ ಜೈನ ಸನ್ಯಾಸಿನಿ, ಆದೆಯೆಂದರೆ ಹೀಗೆ ಬರೆಯುವ ಹಾಗಿಲ್ಲ. ಚಿರಂಜೀವಿ ಅನ್ನುವಂತಿಲ್ಲ, ಆಶೀರ್ವಾದ ಮಾಡುವಂತೆಯೂ ಇಲ್ಲ. ನಾನೇ ಬಗ್ಗಿ 'ವಂದಾಮಿ ಮಾತಾಜಿ' ಅನ್ನಬೇಕು. ಹೆಸರೂ ಬೇರೆ ಇರುತ್ತದೆ. ಅದಕ್ಕೇ ಅಪ್ಪ ಆಗಿರುವಾಗಲೇ ಹೇಳುವುದನ್ನು ಹೇಳಿಬಿಡೋಣ ಅಂತ ಕೂತಿದ್ದೇನೆ.

ನಿನ್ನ ಗುರುಗಳ ಸಂಘದ ದೀದಿ ಫೋನ್ ಮಾಡಿದ್ದರು. ತಂದೆ ತಾಯಿ ಒಪ್ಪದೆ ಗುರುಗಳು ಮುಂದುವರಿಯುವುದಿಲ್ಲವಂತೆ. ದೀಕ್ಷೆಯ ದಿನ ಸಭೆಯಲ್ಲಿ ಎದ್ದು ನಿಂತು ಎಲ್ಲರೆದುರು ಒಪ್ಪಿಗೆ ಹೇಳಬೇಕಂತೆ. ನಾನು ಯೋಚನೆ ಮಾಡಿ ಹೇಳುತ್ತೇನೆ ಅಂದೆ.

ನೀನು ನಾನು ಫೋನಿನಲ್ಲಿ ಆಡಿದ್ದನ್ನು ಮತ್ತೆ ಬರೆಯುವುದಿಲ್ಲ. ಇಬ್ಬರಿಗೂ ನೆನಪಿದೆ. 'ಇದು ಮೋಹನೀಯ ಕರ್ಮ ಅಪ್ಪಾ' ಅಂದೆಯಲ್ಲ, ಅದೊಂದು ಮಾತ್ರ ತಲೆಯಿಂದ ಇಳಿದಿಲ್ಲ. ಮೋಹ ಹುಟ್ಟಿಸುವ ಕರ್ಮ. ಸರಿ, ಇರಬಹುದು. ಎಂಟು ಕರ್ಮಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಅದೇ ಅಂತ ಬಸದಿಯ ಪ್ರವಚನದಲ್ಲಿ ನಾನೂ ಕೇಳಿದ್ದೇನೆ. ಬೇರೆಯವರು ಕರ್ಮ ಅಂದರೆ ಹಣೆಬರಹ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಅದು ಎಣ್ಣೆ ಮೈಗೆ ದೂಳು ಕೂತ ಹಾಗೆ ನಿಜವಾಗಿಯೂ ಬಂದು ಅಂಟುವ ವಸ್ತು. ರಾಗ ದ್ವೇಷ ಇದ್ದಷ್ಟು ಅಂಟುತ್ತದೆ. ಮಗಳ ಮೇಲಿನ ಪ್ರೀತಿಯೂ ರಾಗವೇ. ಒಪ್ಪಿದೆ.

ಆದರೆ ಆ ಎಂಟರಲ್ಲಿ ಅಂತರಾಯ ಅಂತಲೂ ಒಂದಿದೆಯಲ್ಲ? ಇನ್ನೊಬ್ಬರ ಒಳ್ಳೆಯ ಕೆಲಸಕ್ಕೆ ಅಡ್ಡ ನಿಂತವನಿಗೆ ಅಂಟುವುದು ಅದು. ನಿನ್ನನ್ನು ತಡೆದರೆ ಅಂತರಾಯ, ತಡೆಯದೆ ಒಳಗೊಳಗೇ ಅತ್ತರೆ ಮೋಹ. ಅಪ್ಪನಾದವನು ನುಸುಳಿ ಹೋಗೋಕೆ ನಮ್ಮ ಶಾಸ್ತ್ರಕಾರರು ಒಂದು ಸಂದೂ ಬಿಟ್ಟಿಲ್ಲ ನೋಡು.

ದಶಲಕ್ಷಣ ಪರ್ವ ಮುಗಿದು ಕ್ಷಮಾವಣಿಯ ದಿನ ಊರವರಿಗೆಲ್ಲ 'ಉತ್ತಮ ಕ್ಷಮಾ' ಅಂದೆ. ಗಡಿ ಜಗಳದ ಪಕ್ಕದ ಹೊಲದವನಿಗೂ ಅಂದೆ. ನಿನಗೆ ಫೋನ್ ಮಾಡಲಿಲ್ಲ. ಇಲ್ಲಿ ಬರೆಯುತ್ತಿದ್ದೇನೆ, ತೆಗೆದುಕೋ. ದನಿ ಏರಿಸಿದ್ದಕ್ಕೆ ಮಾತ್ರ ಕ್ಷಮೆ. ಕೇಳಿದ ಪ್ರಶ್ನೆಗಳಿಗಲ್ಲ.

ಅವ್ವನ ಚಿಂತೆ ಪೂರ್ತಿ ಊಟದ್ದು. ದಿನಕ್ಕೆ ಒಂದೇ ಸಲ, ಅದೂ ಬೊಗಸೆಯಲ್ಲಿ, ನೀರೂ ಆಗಲೇ. ನಡುವೆ ಒಂದು ಕೂದಲು ಸಿಕ್ಕಿದರೆ ಊಟಕ್ಕೆ ಅಂತರಾಯ ಆಯಿತು ಅಂತ ಎದ್ದುಬಿಡಬೇಕು, ಮತ್ತೆ ಮರುದಿನದವರೆಗೆ ಏನೂ ಇಲ್ಲ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ! ಅವಳ ಇನ್ನೊಂದು ಚಿಂತೆ ಕೇಶಲೋಚ, ತಲೆಗೂದಲನ್ನು ಕೈಯಿಂದಲೇ ಕೀಳುವುದು. ನಿನ್ನ ಕೂದಲು ಬಾಚಿ ಬೆಳೆಸಿದವಳು ಅವಳು. ಅದರ ಬಗ್ಗೆ ನಾನು ಮಾತಾಡದಿರುವುದೇ ಒಳ್ಳೆಯದು.

ನನ್ನ ಚಿಂತೆ ರಸ್ತೆಯದು.

ಚಾತುರ್ಮಾಸದ ನಾಲ್ಕು ತಿಂಗಳು ನನಗೆ ನಿದ್ದೆ ಬರುತ್ತದೆ. ಮಳೆಗಾಲ, ನೆಲದ ತುಂಬ ಹುಳುಹುಪ್ಪಡಿ, ತುಳಿಯಬಾರದು ಅಂತ ಸಂಘ ಒಂದೇ ಊರಲ್ಲಿ ನಿಲ್ಲುತ್ತದೆ. ದೀಪಾವಳಿ ಹೊತ್ತಿಗೆ ಮಹಾವೀರರ ನಿರ್ವಾಣದ ಪೂಜೆ ಮುಗಿಸಿ ವಿಹಾರ, ಊರಿಂದೂರಿಗೆ ಕಾಲ್ನಡಿಗೆ, ಶುರು. ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಇನ್ನೇನು ಶುರುವಾಗುತ್ತದೆ ಆಗ? ಕಬ್ಬಿನ ಹಂಗಾಮು. ಕಾರ್ಖಾನೆಗಳ ಚಿಮಣಿ ಹೊಗೆ ಬಿಡೋಕೆ ಶುರು ಮಾಡುವುದೂ ನೀವು ರಸ್ತೆಗೆ ಇಳಿಯುವುದೂ ಒಂದೇ ಸಮಯಕ್ಕೆ. ನಾನು ಕಬ್ಬು ಬೆಳೆಯುವವನು. ಆ ಟ್ರ್ಯಾಕ್ಟರ್ ಓಡಿಸುವವರು ಎಷ್ಟು ನಿದ್ದೆಗೆಟ್ಟಿರುತ್ತಾರೆ ಅಂತ ನನಗೆ ಗೊತ್ತು. ಹಿಂದೆ ಎರಡು ಟ್ರೇಲರ್, ಒಂದಕ್ಕೂ ಲೈಟ್ ಇಲ್ಲ, ಬ್ರೇಕ್ ಹಿಡಿದರೂ ಹಿಂದಿನ ಭಾರ ತಳ್ಳಿಕೊಂಡು ಬರುತ್ತದೆ. ಮೇಲೆ ಸ್ಪೀಕರಿನ ಹಾಡು. ಹಾರ್ನ್ ಹೊಡೆದರೆ ಅವನಿಗೇ ಕೇಳುವುದಿಲ್ಲ.

2018ರ ಫೆಬ್ರವರಿಯಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಇತ್ತಲ್ಲ, ಅದರ ಹಿಂದಿನ ಚಳಿಗಾಲ. ನೀನು ಹಾಸ್ಟೆಲ್‌ನಲ್ಲಿದ್ದೆ. ಇದನ್ನು ನಿನಗೆ ಹೇಳಿಲ್ಲ, ಅವ್ವನಿಗೂ ಹೇಳಿಲ್ಲ. ನಮ್ಮ ಕಬ್ಬಿನ ಲೋಡ್ ಜೊತೆ ನಾನೇ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಹೊರಟಿದ್ದೆ. ಹೊತ್ತು ಹುಟ್ಟಿತ್ತು, ಆದರೆ ಮಂಜು ಕರಗಿರಲಿಲ್ಲ. ಬೆಳಗೊಳದ ಕಡೆ ಹೊರಟ ಒಂದು ಸಂಘ ಮುಂದೆ ನಡೆಯುತ್ತಿತ್ತು. ಬಿಳಿ ಸೀರೆ, ಬಿಳಿ ಮಂಜು. ನನಗೆ ಕಂಡಿದ್ದು ಮೊದಲು ಒಂದು ಕಮಂಡಲು. ಬರೀ ಕಮಂಡಲು, ಮಂಜಿನಲ್ಲಿ ಅಷ್ಟೆತ್ತರಕ್ಕೆ ಹೋಗುತ್ತಿತ್ತು. ನಾನು ಕೂಗಿದೆ. ಡ್ರೈವರ್ ಬಲಕ್ಕೆ ಎಳೆದ. ಹಿಂದಿನ ಟ್ರೇಲರ್ ವಾಲಿ ಕಬ್ಬು ರಸ್ತೆ ತುಂಬ ಚೆಲ್ಲಿತು. ಯಾರಿಗೂ ಏನೂ ಆಗಲಿಲ್ಲ.

ಆ ಮಾತಾಜಿ ಓಡಲಿಲ್ಲ ತ್ರಿಶಲಾ. ಅದೇ ನನಗೆ ಅರ್ಥವಾಗದ್ದು. ಹಿಂದೆ ಅಷ್ಟು ಸದ್ದು ಆಗುತ್ತಿದೆ, ಯಾರಾದರೂ ಪಕ್ಕಕ್ಕೆ ಹಾರುತ್ತಾರೆ. ಅವರು ನಿಂತರು. ನವಿಲುಗರಿಯ ಪಿಂಛಿಯಿಂದ ರಸ್ತೆ ಬದಿಯ ನೆಲ ಸವರಿದರು. ಆಮೇಲೆ ಅಲ್ಲಿ ಕಾಲಿಟ್ಟರು. ವಯಸ್ಸು ನಿನ್ನ ಈಗಿನ ವಯಸ್ಸೇ ಇದ್ದೀತು. ನನ್ನ ಕೈಕಾಲು ನಡುಗುತ್ತಿತ್ತು, ಅವರು ಡ್ರೈವರಿಗೆ ಗಾಯ ಆಗಿದೆಯಾ ಅಂತ ಕೇಳಿದರು.

ಈರ್ಯಾ ಸಮಿತಿ ಅಂತ ನೀನೇ ನನಗೆ ವಿವರಿಸಿದ್ದೆ. ಹಗಲಲ್ಲೇ ನಡೆಯಬೇಕು, ಮುಂದಿನ ನಾಲ್ಕು ಮೊಳ ನೆಲ ನೋಡಿಕೊಂಡು ನಡೆಯಬೇಕು, ಇರುವೆಯೂ ಸಾಯಬಾರದು. ಬಹಳ ದೊಡ್ಡ ಮಾತು, ಇಲ್ಲ ಅನ್ನುವುದಿಲ್ಲ. ಆದರೆ ಲಾರಿ ಹಿಂದಿನಿಂದ ಬರುತ್ತದಲ್ಲ ಮಗಳೇ. ಆ ನಿಯಮ ಮಾಡಿದ ಕಾಲದಲ್ಲಿ ಹಿಂದಿನಿಂದ ಬರುತ್ತಿದ್ದದ್ದು ಎತ್ತಿನ ಗಾಡಿ. ವಿಹಾರದಲ್ಲಿದ್ದ ಸಾಧುಗಳು, ಸಾಧ್ವಿಯರು ವಾಹನ ಬಡಿದು ತೀರಿಕೊಂಡ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದೆ. ಆ ಪುಟವನ್ನು ನಾನು ಅವ್ವನ ಕೈಗೆ ಸಿಗದ ಹಾಗೆ ಮಡಚಿಡುತ್ತೇನೆ.

ನಮ್ಮ ಸೀಮೆಯ ಇಬ್ಬರ ಮಾತು ಹೇಳುತ್ತೇನೆ. ಬೇಡ ಅನ್ನಬೇಡ, ಕೇಳು. ಭೋಜದ ಶಾಂತಿಸಾಗರ ಆಚಾರ್ಯರು 1872ರಲ್ಲಿ ಹುಟ್ಟಿದವರು. ದಿಗಂಬರ ಮುನಿಗಳೇ ಅಪರೂಪವಾಗಿದ್ದ ಕಾಲದಲ್ಲಿ ಆ ದಾರಿಯನ್ನು ಮತ್ತೆ ನಡೆದು ತೋರಿಸಿದವರು. ಅವರಿಗೆ ಚಿಕ್ಕಂದಿನಿಂದಲೂ ವೈರಾಗ್ಯ. ಆದರೂ ತಂದೆ ತಾಯಿ ಇರುವವರೆಗೆ ಮನೆಯಲ್ಲೇ ಇದ್ದು, ಅವರು ತೀರಿಕೊಂಡ ಮೇಲೇ ದೀಕ್ಷೆ ತೆಗೆದುಕೊಂಡರು. ಅದರಿಂದ ಅವರ ತಪಸ್ಸಿಗೆ ಏನು ಕಡಿಮೆ ಆಯಿತು? ಇಡೀ ದೇಶ ಅವರನ್ನು ಆಚಾರ್ಯ ಅಂದಿತು.

ನೀನು ಇನ್ನೊಬ್ಬರ ಹೆಸರು ಹೇಳುತ್ತೀಯ ಅಂತ ಗೊತ್ತು. ಸದಲಗಾದ ವಿದ್ಯಾಸಾಗರರು. 1946ರಲ್ಲಿ ಹುಟ್ಟಿ 1968ರಲ್ಲೇ ಅಜ್ಮೇರಿನಲ್ಲಿ ಮುನಿಯಾದವರು. ಅವರು ಕಾಯಲಿಲ್ಲ. ಕೊನೆಗೆ ಆ ಮನೆಯಲ್ಲಿ ಏನಾಯಿತು? ಹೆತ್ತ ತಂದೆ ತಾಯಿಯೂ ಮಗ ಹೋದ ದಾರಿಯಲ್ಲೇ ಹೋಗಿ ದೀಕ್ಷೆ ತೆಗೆದುಕೊಂಡರು. ತಮ್ಮಂದಿರೂ ಹೋದರು. ಹಾಗೆ ನೋಡಿದರೆ ಅದೂ ಒಂದು ದಾರಿಯೇ. ನಾನು ಅಷ್ಟು ಗಟ್ಟಿ ಅಲ್ಲ. ನನಗೆ ಬೆಳಿಗ್ಗೆ ಚಹಾ ಬೇಕು.

ಇನ್ನೊಂದು ವಿಷಯಕ್ಕೆ ನನಗೆ ಸಿಟ್ಟೇ ಬರುತ್ತದೆ. ಇಷ್ಟೆಲ್ಲ ಬಿಟ್ಟು, ಇಷ್ಟೆಲ್ಲ ಸಹಿಸಿ, ಕೊನೆಗೆ ನಮ್ಮ ದಿಗಂಬರ ಆಮ್ನಾಯದಲ್ಲಿ ಹೆಣ್ಣಿನ ಜನ್ಮದಿಂದ ನೇರ ಮೋಕ್ಷ ಇಲ್ಲ ಅನ್ನುತ್ತಾರೆ. ಆರ್ಯಿಕೆಯ ಮಹಾವ್ರತವೂ ಉಪಚಾರಕ್ಕೆ, ಅಂದರೆ ಹೆಸರಿಗೆ ಮಾತ್ರ ಮಹಾವ್ರತವಂತೆ. ನಲವತ್ತು ವರ್ಷ ತಪಸ್ಸು ಮಾಡಿದ ಮಾತಾಜಿ ನಿನ್ನೆ ದೀಕ್ಷೆ ಆದ ಹುಡುಗ ಮುನಿಗೆ ಬಗ್ಗಬೇಕು. ಶ್ವೇತಾಂಬರರು ಹಾಗೆ ಹೇಳುವುದಿಲ್ಲ. ಅವರಲ್ಲಿ ಮಲ್ಲಿ ತೀರ್ಥಂಕರರೇ ಹೆಣ್ಣು. ಅಷ್ಟು ದೂರ ಯಾಕೆ, ಇದೇ ನಮ್ಮ ಬೆಳಗಾವಿ ಧಾರವಾಡದ ನೆಲದಲ್ಲಿ ಯಾಪನೀಯರು ಅಂತ ಇದ್ದರು. ಮುನಿಗಳು ನಮ್ಮವರ ಹಾಗೇ ದಿಗಂಬರರು, ಆದರೆ ಹೆಣ್ಣಿಗೂ ಮೋಕ್ಷ ಉಂಟು ಅನ್ನುತ್ತಿದ್ದರು. ಅಮೋಘವರ್ಷನ ಕಾಲದ ಶಾಕಟಾಯನ, ಆ ವ್ಯಾಕರಣದವರು, ಅದಕ್ಕಾಗಿ ಒಂದು ಗ್ರಂಥವನ್ನೇ ಬರೆದರು. ಆ ಪಂಥವೇ ಆಮೇಲೆ ಇಲ್ಲವಾಯಿತು. ಅವರ ಬಸದಿಗಳಲ್ಲಿ ನಾವು ಪೂಜೆ ಮಾಡುತ್ತೇವೆ, ಅವರ ಮಾತು ಮಾತ್ರ ನಮಗೆ ಬೇಡ.

ಇದನ್ನು ಹಿಂದೆ ಕೇಳಿದ್ದಕ್ಕೆ ನೀನು ನಕ್ಕಿದ್ದೆ. 'ಇದು ಪಂಚಮ ಕಾಲ ಅಪ್ಪಾ, ಜಂಬೂಸ್ವಾಮಿ ಆದ ಮೇಲೆ ಇಲ್ಲಿಂದ ಮುನಿಗಳಿಗೂ ಮೋಕ್ಷ ಇಲ್ಲ, ಎಲ್ಲರೂ ಒಂದೇ ಕ್ಯೂನಲ್ಲಿ ಇದ್ದೇವೆ' ಅಂದೆ. ಉತ್ತರ ಚೆನ್ನಾಗಿತ್ತು. ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದೆ. ನನ್ನ ಮಗಳು ಪಂಡಿತರನ್ನೂ ಸುಮ್ಮನಾಗಿಸುತ್ತಾಳೆ ಅಂತ. ಆದರೆ ಮೋಕ್ಷ ಇಲ್ಲದ ಕಾಲದಲ್ಲಿ ಅವಸರ ಏನು ಅಂತ ಕೇಳಬೇಕು ಅನ್ನಿಸಿದ್ದು ಮನೆಗೆ ಬಂದ ಮೇಲೆ.

ಮನೆಯಲ್ಲಿದ್ದೂ ಧರ್ಮ ಮಾಡಬಹುದಲ್ವಾ? ಅತ್ತಿಮಬ್ಬೆ ಆರ್ಯಿಕೆ ಆಗಲಿಲ್ಲ. ಗಂಡ ಯುದ್ಧದಲ್ಲಿ ಸತ್ತ, ಅವನನ್ನೇ ಮದುವೆಯಾಗಿದ್ದ ತಂಗಿ ಚಿತೆ ಏರಿದಳು, ಇವಳು ಮಗನಿಗಾಗಿ ಉಳಿದಳು. ಶ್ರಾವಕಿಯಾಗಿಯೇ ವ್ರತ ಹಿಡಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು, ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ಶ್ರಾವಕರು ಏರುವ ಹನ್ನೊಂದು ವ್ರತದ ಮೆಟ್ಟಿಲುಗಳಲ್ಲಿ, ಆ ಪ್ರತಿಮೆಗಳಲ್ಲಿ, ನೀನು ಈಗಲೇ ಏಳನೆಯದರಲ್ಲಿ ಇದ್ದೀಯ. ಬ್ರಹ್ಮಚರ್ಯದಲ್ಲೇ ಇರು, ಹಳಗನ್ನಡ ಓದು, ನಮ್ಮ ಬಸದಿಯಲ್ಲಿ ಗೆದ್ದಲು ತಿನ್ನುತ್ತಿರುವ ಓಲೆಗರಿಗಳನ್ನು ನೋಡಿಕೋ. ಅಥವಾ ಮೊದಲು ಕ್ಷುಲ್ಲಿಕೆ ಆಗು, ಆರ್ಯಿಕೆಗಿಂತ ಒಂದು ಮೆಟ್ಟಿಲು ಕೆಳಗೆ. ಬಟ್ಟಲಲ್ಲಿ ಉಣ್ಣಬಹುದು, ಮೇಲೆ ಒಂದು ಚಾದರ ಇರುತ್ತದೆ. ನಾಲ್ಕು ವರ್ಷ ನೋಡಿ ಮುಂದೆ ಹೋಗು. ಹೊಲದ ವ್ಯವಹಾರದ ಹಾಗೆ ಚೌಕಾಸಿ ಮಾಡುತ್ತಾನೆ ಅಪ್ಪ ಅಂತ ನಗುತ್ತಿರಬೇಕು ನೀನು. ನಗು.

ಮತ್ತೆ ರಸ್ತೆಗೆ ಬರುತ್ತೇನೆ. ನಾನು ಕೂಗದೆ ಇದ್ದಿದ್ದರೆ? ಮಡ್‌ಗಾರ್ಡ್ ಮೇಲೆ ಆ ದಿನ ಬೇರೆ ಯಾರೋ ಕೂತಿದ್ದರೆ? ಆ ಮಾತಾಜಿಗೂ ಎಲ್ಲೋ ಒಬ್ಬ ಅಪ್ಪ ಇದ್ದಾನೆ, ಅವನಿಗೆ ಈ ವಿಷಯ ಗೊತ್ತೇ ಇಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ನನಗೆ ಹೇಳೋಕೆ ಆಗುತ್ತಿಲ್ಲ. ದೀಕ್ಷೆ ಆದ ಮೇಲೆ ನಿನ್ನ ಹತ್ತಿರ ಫೋನ್ ಇರುವುದಿಲ್ಲ. ಏನಾದರೂ ಯಾರು ಹೇಳುತ್ತಾರೆ?

ನನ್ನ ಒಪ್ಪಿಗೆ ಇದೆ. ಬರೆದಿದ್ದೇನೆ, ಇನ್ನು ಅಳಿಸುವುದಿಲ್ಲ. ಸಭೆಯಲ್ಲೂ ಎದ್ದು ನಿಂತು ಹೇಳುತ್ತೇನೆ. ಹೆಮ್ಮೆ ಇಲ್ಲ ಅಂತ ಅಲ್ಲ, ಊರಲ್ಲಿ ಎಲ್ಲರೂ ಕೈ ಮುಗಿಯುತ್ತಿದ್ದಾರೆ, ಮೀಸೆ ಮೇಲೆ ಕೈ ಹೋಗುತ್ತದೆ. ಆದರೆ ಕೆಲವು ಮಾತು ಸಂಘದ ವ್ಯವಸ್ಥೆ ನೋಡುವವರಿಗೆ ನೀನು ಈಗಲೇ ಹೇಳಬೇಕು. ಮಾತಾಜಿ ಆದ ಮೇಲೆ ನಿನಗಾಗಿ ನೀನು ಏನನ್ನೂ ಕೇಳುವ ಹಾಗಿಲ್ಲ.

ಮಂಜು ಕರಗುವವರೆಗೆ ಹೊರಡಬಾರದು. ಹೊತ್ತು ಹುಟ್ಟಿದರೆ ಸಾಲದು, ರಸ್ತೆ ಕಾಣಬೇಕು. ನೆಲ ಕಾಣದಿದ್ದರೆ ಈರ್ಯಾ ಸಮಿತಿಯೂ ಪಾಲನೆ ಆಗುವುದಿಲ್ಲವಲ್ಲ, ಗುರುಗಳಿಗೆ ಹಾಗೇ ಹೇಳು. ಸಂಘದ ಹಿಂದೆ ಒಂದು ಗಾಡಿ ಇರಬೇಕು, ಮಿಣುಕುವ ಲೈಟ್ ಹಾಕಿಕೊಂಡು. ಮುಂದೆ ಅಲ್ಲ, ಹಿಂದೆ. ಮುಂದೆ ಧ್ವಜ ಹಿಡಿಯೋಕೆ ಬೇಕಾದಷ್ಟು ಜನ ಬರುತ್ತಾರೆ. ನೀವು ಮೈಮೇಲೆ ರಿಫ್ಲೆಕ್ಟರ್ ಹಾಕಲಾಗದು, ಪರಿಗ್ರಹ, ಅಂದರೆ ಸ್ವಂತಕ್ಕೆ ವಸ್ತು ಇಟ್ಟುಕೊಂಡ ಹಾಗೆ ಆಗುತ್ತದೆ, ಗೊತ್ತು. ಜೊತೆಗೆ ನಡೆಯುವ ಶ್ರಾವಕರು ಹಾಕಬಹುದು. ಹೊಳೆಯುವ ಜಾಕೆಟ್‌ಗಳನ್ನು ನಿಪ್ಪಾಣಿಯಿಂದ ತರಿಸಿದ್ದೇನೆ, ದೀಕ್ಷೆಗೆ ಬರುವಾಗ ತರುತ್ತೇನೆ. ನಮ್ಮ ಟ್ರೇಲರ್‌ಗಳಿಗೂ ಪಟ್ಟಿ ಅಂಟಿಸಿದೆ. ಕಬ್ಬು ಕಡಿಯುವ ಗ್ಯಾಂಗಿನವರು ಆಡಿಕೊಂಡು ನಕ್ಕರು.

ಸಂಘ ನಮ್ಮ ಜಿಲ್ಲೆ ದಾಟುವವರೆಗೆ ಹಿಂದಿನ ಗಾಡಿ ನನ್ನದೇ. ಇದಕ್ಕೆ ನಿನ್ನ ಒಪ್ಪಿಗೆ ನಾನು ಕೇಳುತ್ತಿಲ್ಲ. ವಿಹಾರದಲ್ಲಿ ಜೊತೆ ಹೋಗುವುದು ಶ್ರಾವಕನ ಹಕ್ಕು.

ನಿನ್ನ ಪಿ.ಎಫ್. ಫಾರ್ಮಿಗೆ ಸಹಿ ಮಾಡಿ ಕಳಿಸು, ಆಫೀಸಿನವರು ಆಮೇಲೆ ಹೊಸ ಹೆಸರಿನ ಸಹಿ ಒಪ್ಪುವುದಿಲ್ಲ. ಲ್ಯಾಪ್‌ಟಾಪ್ ತಮ್ಮನಿಗೆ ಕೊಡು ಅಂದಿದ್ದೀಯ, ಅವನು ಮುಟ್ಟುತ್ತಿಲ್ಲ.

ಅವ್ವನ ಒಪ್ಪಿಗೆಯನ್ನು ನಾನು ಕೊಡೋಕೆ ಬರುವುದಿಲ್ಲ. ಮೆರವಣಿಗೆಗೆ ಮದುಮಗಳ ಅಲಂಕಾರ ಮಾಡುತ್ತಾರಂತಲ್ಲ, ಅದಕ್ಕೆ ಅವಳು ಒಂದು ಇಳಕಲ್ ಸೀರೆ ತೆಗೆದಿಟ್ಟಿದ್ದಾಳೆ. ರೇಷ್ಮೆ ಅಲ್ಲ, ಹತ್ತಿ. ಹುಳು ಸಾಯಿಸಿದ ಬಟ್ಟೆ ಅಂತ ನೀನು ತೆಗೆದ ಜಗಳ ಮರೆತಿಲ್ಲ ಅವಳು. ಸೀರೆ ಇಟ್ಟಿದ್ದಾಳೆ ಅಂದರೆ ಒಪ್ಪಿದ್ದಾಳೆ ಅಂತ ತಿಳಿದುಕೊಳ್ಳಬೇಡ. ನೀನೇ ಫೋನ್ ಮಾಡಿ ಕೇಳು. ಮಧ್ಯಾಹ್ನ ಮಾಡು, ಆಗ ನಾನು ಹೊಲದಲ್ಲಿ ಇರುತ್ತೇನೆ.

ನಿನ್ನ ಅಪ್ಪ