"ಬಾಲಕಿಯರೇ ಮೇಲುಗೈ" ಆದ್ಮೇಲೆ ಆ ಬಾಲಕಿಯರು ಎಲ್ಲಿಗೆ ಹೋಗ್ತಾರೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮಾರನೇ ದಿನ ನಿಮ್ಮ ಪೇಪರಲ್ಲೂ ಬೇರೆ ಪೇಪರಲ್ಲೂ ಒಂದೇ ಹೆಡ್ಡಿಂಗ್ ಇರತ್ತೆ, "ಈ ಬಾರಿಯೂ ಬಾಲಕಿಯರೇ ಮೇಲುಗೈ". ಪಿಯುಸಿ ರಿಸಲ್ಟಿಗೂ ಅದೇ. ಅಪ್ಪ ಅಮ್ಮ ಸ್ವೀಟ್ ತಿನ್ನಿಸ್ತಿರೋ ಫೋಟೋ, ಕೆಳಗೆ "ಇಂಜಿನಿಯರ್ ಆಗಿ ಇಸ್ರೋ ಸೇರ್ಬೇಕು ಅಂತ ಆಸೆ" ಅಂತ ಆ ಮಗು ಹೇಳಿರೋ ಮಾತು. ಅದನ್ನ ಕತ್ತರಿಸಿ ನಮ್ಮ ವರ್ಕ್‌ಶಾಪಿನ ನೋಟಿಸ್ ಬೋರ್ಡಿಗೆ ಅಂಟಿಸೋದು ನನ್ನ ಅಭ್ಯಾಸ. ನಾನು ತುಮಕೂರು ಕಡೆ ಒಂದು ಪ್ರೈವೇಟ್ ಪಾಲಿಟೆಕ್ನಿಕಲ್ಲಿ ಮೆಕ್ಯಾನಿಕಲ್ ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್, ಹತ್ತೊಂಬತ್ತು ವರ್ಷ ಆಯ್ತು, ನಮ್ಮಲ್ಲಿ ಒಂದು ಬ್ಯಾಚಿಗೆ ಮೂರು ಜನ ಹುಡುಗೀರು ಬಂದ್ರೆ ಆ ವರ್ಷ ಹಬ್ಬ ಅನ್ಕೋಬೇಕು, ಎಷ್ಟೋ ವರ್ಷ ಒಬ್ಬಳೂ ಇರಲ್ಲ. ಹಾಗಾದ್ರೆ ಮೇಲುಗೈ ಸಾಧಿಸಿದೋರೆಲ್ಲ ಎಲ್ಲಿಗೆ ಹೋದ್ರು ಅಂತ ಕೇಳೋಕೇ ಈ ಪತ್ರ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ದಯವಿಟ್ಟು ಪೂರ್ತಿ ಓದಿ.

ಹೆಣ್ಣುಮಕ್ಕಳಿಗೆ ಸೈನ್ಸ್ ಇಷ್ಟ ಇಲ್ಲ ಅನ್ನೋ ಮಾತನ್ನ ಮೊದಲು ಪಕ್ಕಕ್ಕೆ ಇಡೋಣ. ಕೇಂದ್ರ ಸರ್ಕಾರದ್ದೇ ಉನ್ನತ ಶಿಕ್ಷಣದ ಸರ್ವೆ ಇದೆ, 2020-21ರ ಲೆಕ್ಕದಲ್ಲಿ ಡಿಗ್ರಿಯ ಸೈನ್ಸ್ ಕೋರ್ಸ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗೀರೇ ಇದಾರೆ. ಅದೇ ಸರ್ವೆಯಲ್ಲಿ ಇಂಜಿನಿಯರಿಂಗ್ ನೋಡಿದ್ರೆ ನೂರಕ್ಕೆ ಸುಮಾರು 29. ಅದೇ ಪಿಯುಸಿ, ಅದೇ ಫಿಸಿಕ್ಸು, ಅದೇ ಮ್ಯಾಥ್ಸು ಓದಿ ಬಂದ ಮಕ್ಕಳು ಬಿಎಸ್ಸಿ ಕಡೆ ಅಷ್ಟು ಜನ ಹೋಗಿ ಇಂಜಿನಿಯರಿಂಗ್ ಕಡೆ ಇಷ್ಟೇ ಬರ್ತಾರೆ ಅಂದ್ರೆ ಆ ತೀರ್ಮಾನ ಆಗಿದ್ದು ಅವರ ತಲೆಯಲ್ಲಲ್ಲ, ಮನೆ ಹಜಾರದಲ್ಲಿ. ಅಡ್ಮಿಷನ್ ಟೈಮಲ್ಲಿ ಡೆಸ್ಕ್ ಮುಂದೆ ಕೂತು ನಾನು ಕಿವಿಯಾರೆ ಕೇಳಿರೋ ಮಾತು ಇದು, "ಮಗನಿಗೆ ಕೋಚಿಂಗಿಗೆ ಒಂದೂವರೆ ಲಕ್ಷ ಕಟ್ಟಿದೀವಿ ಮೇಡಂ, ಇವಳಿಗೆ ಊರಲ್ಲೇ ಬಿಎಸ್ಸಿ ಮಾಡ್ಸಿ ಬಿಎಡ್ ಮಾಡ್ಸಿಬಿಡ್ತೀವಿ, ಹೇಗಿದ್ರೂ ಕೊಟ್ಟ ಮನೆಗೆ ಹೋಗೋಳಲ್ವಾ". ಹಾಗಂದ ತಂದೆ ಕೆಟ್ಟೋರೇನಲ್ಲ, ಇರೋ ದುಡ್ಡನ್ನ ಎಲ್ಲಿ ಹಾಕಿದ್ರೆ ವಾಪಸ್ ಬರತ್ತೆ ಅಂತ ಲೆಕ್ಕ ಹಾಕಿದಾರೆ ಅಷ್ಟೇ, ಆ ಲೆಕ್ಕ ತಪ್ಪು ಅಂತ ತೋರ್ಸೋ ಕೆಲಸ ನಾವು ಯಾರೂ ಮಾಡಿಲ್ಲ. ಡಿಪ್ಲೊಮಾ ಅಥವಾ ಬಿಇ ಸೇರೋ ಹೆಣ್ಣುಮಕ್ಕಳಿಗೆ ಎಐಸಿಟಿಇ (ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಕೇಂದ್ರದ ಮಂಡಳಿ) ಕಡೆಯಿಂದ ಪ್ರಗತಿ ಅಂತ ಸ್ಕಾಲರ್‌ಶಿಪ್ ಇದೆ, ಮನೆ ಆದಾಯ ವರ್ಷಕ್ಕೆ 8 ಲಕ್ಷದೊಳಗೆ ಇರಬೇಕು, ಆಯ್ಕೆ ಆದ್ರೆ ವರ್ಷಕ್ಕೆ 50 ಸಾವಿರ, ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳ ತನಕ ಕೊಡ್ತಾರೆ. ಶಿರಾ, ಪಾವಗಡ, ಮಧುಗಿರಿ ಕಡೆಯಿಂದ ಬರೋ ಪೋಷಕರಲ್ಲಿ ಇದನ್ನ ಮೊದಲೇ ತಿಳ್ಕೊಂಡು ಬಂದೋರನ್ನ ನಾನು ಇನ್ನೂ ನೋಡಿಲ್ಲ. ದಯವಿಟ್ಟು ರಿಸಲ್ಟ್ ದಿನ ಆ ಫೋಟೋ ಪಕ್ಕದಲ್ಲೇ ಇದನ್ನೂ ನಾಲ್ಕು ಲೈನಲ್ಲಿ ಹಾಕಿ.

ಸೀಟು ಕೊಟ್ರೆ ಹುಡುಗೀರು ಬರ್ತಾರೆ ಅನ್ನೋದಕ್ಕೆ ಐಐಟಿಗಳೇ ಸಾಕ್ಷಿ. ಅಲ್ಲಿ ನೂರಕ್ಕೆ ಎಂಟೋ ಒಂಬತ್ತೋ ಇದ್ರು. 2018ರಲ್ಲಿ ಗಂಡುಮಕ್ಕಳ ಒಂದು ಸೀಟನ್ನೂ ಕಿತ್ಕೊಳ್ದೆ ಹೆಚ್ಚುವರಿ ಸೀಟು ಮಾಡಿ ಮೊದಲ ವರ್ಷ 14, ಆಮೇಲೆ 17, 2020ಕ್ಕೆ 20 ಅಂತ ಏರಿಸಿದ್ರು. ಮೂರು ವರ್ಷದಲ್ಲಿ ದೇಶದ ಹೆಣ್ಣುಮಕ್ಕಳ ಬುದ್ಧಿ ಡಬಲ್ ಆಗೋಯ್ತಾ? ಮೊದಲಿಂದಲೂ ಇದ್ದೋರಿಗೇ ಬಾಗಿಲು ತೆಗೆದಿದ್ದು ಅದು.

ಆದ್ರೆ ನಾನು ಮುಖ್ಯವಾಗಿ ಹೇಳ್ಬೇಕಾಗಿರೋದು ಅಡ್ಮಿಷನ್ ಆದ್ಮೇಲಿನ ವಿಷಯ, ಅದು ಯಾವ ಸರ್ವೆಯಲ್ಲೂ ಬರಲ್ಲ. ವರ್ಕ್‌ಶಾಪಲ್ಲಿ ಒಂದು ಲೇಥಿಗೆ, ಅಂದ್ರೆ ಲೋಹ ತಿರುಗಿಸಿ ಕೊರೆಯೋ ಮೆಷಿನ್ನಿಗೆ, ನಾಲ್ಕು ಜನ. ಮೂರು ಹುಡುಗರು ಒಬ್ಬಳು ಹುಡುಗಿ ಅಂತ ಇಟ್ಕೊಳಿ. ಒಬ್ಬ ಜಾಬ್ (ಕೊರೆಯೋ ಲೋಹದ ತುಂಡು) ಕಟ್ತಾನೆ, ಒಬ್ಬ ಟೂಲ್ ಸೆಟ್ ಮಾಡ್ತಾನೆ, ಒಬ್ಬ ಹ್ಯಾಂಡಲ್ ತಿರುಗಿಸ್ತಾನೆ, ಆ ಹುಡುಗಿ ಕೈಗೆ ಅಳತೆ ನೋಡೋ ವರ್ನಿಯರ್ ಕೂಡ ಕೊಡಲ್ಲ, "ನಿನ್ನ ಹ್ಯಾಂಡ್‌ರೈಟಿಂಗ್ ಚೆನ್ನಾಗಿದೆ, ನೀನು ರೀಡಿಂಗ್ ಬರ್ಕೊ". ಮೂರು ವರ್ಷ ಅವಳು ರೀಡಿಂಗ್ ಬರೀತಾಳೆ. ಅವಳ ರೆಕಾರ್ಡ್ ಬುಕ್ ಇಡೀ ಕ್ಲಾಸಿಗೇ ನಂಬರ್ ಒನ್, ಕಲರ್ ಪೆನ್ಸಿಲಲ್ಲಿ ಡಯಾಗ್ರಾಮು, ಸ್ಕೇಲ್ ಇಟ್ಟು ಎಳೆದ ಮಾರ್ಜಿನ್ನು, ಎಲ್ಲರೂ ಅದನ್ನೇ ಕಾಪಿ ಹೊಡೀತಾರೆ. ಕೊನೇ ಪ್ರಾಕ್ಟಿಕಲ್ ದಿನ ಹೊರಗಿನಿಂದ ಬಂದ ಎಕ್ಸಾಮಿನರ್ "ಫೋರ್ ಜಾ ಚಕ್ಕಲ್ಲಿ ಜಾಬ್ ಸೆಂಟರ್ ಮಾಡಮ್ಮ" ಅಂದ್ರೆ ಹೆಂಗೆ ಮಾಡ್ಬೇಕು ಅಂತ ಬಾಯಲ್ಲಿ ತಪ್ಪಿಲ್ಲದೆ ಹೇಳ್ತಾಳೆ, ಕೈ ಮಾತ್ರ ನಡುಗತ್ತೆ, ಯಾಕಂದ್ರೆ ಜಾಬ್ ಹಿಡಿಯೋ ಆ ಚಕ್ಕನ್ನ ಬಿಗಿ ಮಾಡೋ ಕೀ ಅವಳ ಕೈಗೆ ಬಂದಿದ್ದೇ ಅವತ್ತು. ಆಗ ಎಲ್ಲರೂ ತಲೆ ಆಡಿಸ್ತಾರೆ, ನೋಡಿ ಹುಡುಗೀರಿಗೆ ಮೆಕ್ಯಾನಿಕಲ್ ಆಗಲ್ಲ ಅಂತ.

ಇದು ಬೇರೆಯೋರ ತಪ್ಪು ಅಂತ ಹೇಳ್ತಿಲ್ಲ. ಮೊದಲ ಆರೇಳು ವರ್ಷ ನನ್ನ ಶಾಪಲ್ಲೂ ಹಿಂಗೇ ನಡೀತಿತ್ತು, ನಾನೇ ಹೆಂಗಸಾಗಿ ಅದನ್ನ ಗಮನಿಸಿರ್ಲಿಲ್ಲ, ಅದು ಇವತ್ತಿಗೂ ಮನಸ್ಸಿಗೆ ಚುಚ್ಚತ್ತೆ. ಆಮೇಲೆ ಒಂದು ರೂಲ್ ಮಾಡ್ದೆ, ವಾರಕ್ಕೊಬ್ಬರು ಸರದಿ ಪ್ರಕಾರ ಬರೀಬೇಕು, ಬರೆಯೋರು ಬಿಟ್ಟು ಉಳಿದೋರು ಮೆಷಿನ್ ಮುಟ್ಟಲೇಬೇಕು. ಒಂದು ಪೈಸೆ ಖರ್ಚಿಲ್ಲದ ರೂಲ್ ಇದು. ಈಗ ಫೈನಲ್ ಇಯರಲ್ಲಿ ಶಿರಾ ಕಡೆ ಹಳ್ಳಿಯ ಒಬ್ಬಳು ಹುಡುಗಿ ಇದಾಳೆ, ಮೊದಲ ಸಲ ಸ್ಟೆಪ್ ಟರ್ನಿಂಗ್ ಮಾಡೋವಾಗ ಜಾಸ್ತಿ ಕಟ್ ಕೊಟ್ಟು ಟೂಲ್ ಬಿಟ್ (ಲೋಹ ಕೊರೆಯೋ ಚೂಪು ತುಂಡು) ಮುರಿದು ಹಾಕಿದ್ಲು, ಫೈನ್ ಹಾಕ್ತಾರೆ ಅಂತ ಕಣ್ಣಲ್ಲಿ ನೀರು. ಇನ್ನೊಂದು ಬಿಟ್ ಕೊಟ್ಟು ಗ್ರೈಂಡರ್ ಹತ್ರ ಕರ್ಕೊಂಡ್ ಹೋಗಿ ನೀನೇ ಗ್ರೈಂಡ್ ಮಾಡ್ಕೊ ಅಂದೆ. ಎರಡು ಗಂಟೆ ನಿಂತಳು, ಕಿಡಿ ಹಾರೋದಕ್ಕೆ ಮೊದಲು ಮುಖ ತಿರುಗಿಸ್ತಿದ್ಲು, ಆಮೇಲೆ ಗಾಗಲ್ ಸರಿ ಮಾಡ್ಕೊಂಡು ಬಿಟ್ಟನ್ನ ನೀರಲ್ಲಿ ಅದ್ದಿ ಅದ್ದಿ, ಬೆಳಕಿಗೆ ಹಿಡಿದು ಆ್ಯಂಗಲ್ ನೋಡಿ, ಮತ್ತೆ ಗ್ರೈಂಡ್ ಮಾಡಿ. ಈಗ ಹುಡುಗರು ತಮ್ಮ ಬಿಟ್ ತಗೊಂಡು ಅವಳ ಹತ್ರನೇ ಬರ್ತಾರೆ, "ಒಂಚೂರು ಗ್ರೈಂಡ್ ಮಾಡ್ಕೊಡೇ" ಅಂತ.

ಇನ್ನು ನನ್ನದೇ ಕತೆ. ನಾನು ಡಿಪ್ಲೊಮಾ ಮುಗಿಸಿದ್ದು 1997ರಲ್ಲಿ, ಕ್ಲಾಸಿಗೆ ಒಬ್ಬಳೇ. ಒಂದು ಫ್ಯಾಕ್ಟ್ರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಷನಲ್ಲಿ ಕೆಲಸ ಸಿಕ್ತು, ಹೆಸರು ಬೇಡ. ಶಾಪ್ ಫ್ಲೋರಲ್ಲಿ ಲೇಡೀಸ್ ಟಾಯ್ಲೆಟ್ ಇರ್ಲಿಲ್ಲ. ಆಫೀಸ್ ಬ್ಲಾಕ್ ತನಕ ನಡ್ಕೊಂಡು ಹೋಗಿ ಬರೋಕೆ ಕಾಲು ಗಂಟೆ, ಸೂಪರ್‌ವೈಸರ್ ಗಡಿಯಾರ ನೋಡೋರು, ಒಂದ್ ಸಲ ಎಲ್ಲರ ಎದುರಿಗೇ "ಎಷ್ಟು ಸಲಾಮ್ಮ ಹೋಗ್ತೀಯಾ" ಅಂತ ಕೇಳಿದ್ರು. ಅವತ್ತಿಂದ ಬೆಳಿಗ್ಗೆ ಮನೆ ಬಿಟ್ರೆ ಮಧ್ಯಾಹ್ನ ಊಟದ ತನಕ ಒಂದು ಗುಟುಕು ನೀರೂ ಕುಡೀತಿರ್ಲಿಲ್ಲ. ಎರಡು ಸಲ ಯೂರಿನ್ ಇನ್‌ಫೆಕ್ಷನ್ ಆಗಿ ಜ್ವರ ಬಂದು ಮಲಗಿದೀನಿ. ಸೇಫ್ಟಿ ಶೂ ಗಂಡಸರ ಸೈಜೇ, ಒಳಗೆ ಪೇಪರ್ ತುರುಕ್ಕೊಂಡು ಹಾಕ್ಕೋತಿದ್ದೆ. ಮದುವೆ ಆಗಿ ಬಸುರಿ ಆದ್ಮೇಲೆ ಬಿಟ್ಟೆ. ನಾನು ಬಿಟ್ಟಾಗ ಅಲ್ಲಿ ಏನಂದ್ರು ಗೊತ್ತಾ, "ಹೆಣ್ಣುಮಕ್ಕಳು ಹಿಂಗೇ, ಇಂಟರೆಸ್ಟ್ ಇರಲ್ಲ, ಟ್ರೈನಿಂಗ್ ಕೊಟ್ಟಿದ್ದು ವೇಸ್ಟ್". ಮೈಕ್ರೋಮೀಟರ್ ಹಿಡ್ಕೊಂಡು ಒಂದೇ ಒಂದು ರಿಜೆಕ್ಟ್ ಪೀಸೂ ಬಿಡದ ಹುಡುಗಿ ನಾನು. ನಂಗೆ ಇಂಟರೆಸ್ಟ್ ಇತ್ತು ಸಂಪಾದಕರೇ, ಟಾಯ್ಲೆಟ್ ಇರ್ಲಿಲ್ಲ.

ಸುಧಾಮೂರ್ತಿ ಅವರ ಕತೆ ಎಲ್ಲರಿಗೂ ಗೊತ್ತು, 1974ರಲ್ಲಿ ಟೆಲ್ಕೋ (ಈಗಿನ ಟಾಟಾ ಮೋಟಾರ್ಸ್) ಜಾಹೀರಾತಲ್ಲಿ ಹೆಂಗಸರು ಅರ್ಜಿ ಹಾಕೋದು ಬೇಡ ಅಂತ ಇದ್ದಿದ್ದು ನೋಡಿ ಜೆಆರ್‌ಡಿ ಟಾಟಾಗೇ ಕಾರ್ಡ್ ಬರೆದ್ರು, ಕೆಲಸನೂ ಸಿಕ್ತು. ನಮ್ಮ ಮಕ್ಕಳಿಗೆ ಅದನ್ನ ಹೇಳೋವಾಗೆಲ್ಲ ನಂಗೆ ಒಂದು ಯೋಚನೆ ಬರತ್ತೆ. ಅವತ್ತು ಅದನ್ನ ಪ್ರಿಂಟ್ ಮಾಡಿದ್ರು, ಅದಕ್ಕೆ ಅವರಿಗೆ ಕಾರ್ಡ್ ಬರೆಯೋಕೆ ಒಂದು ವಿಳಾಸ ಆದ್ರೂ ಇತ್ತು. ಇವತ್ತು ಯಾರೂ ಪ್ರಿಂಟ್ ಮಾಡಲ್ಲ, ಪ್ಲೇಸ್‌ಮೆಂಟ್ ಆಫೀಸರಿಗೆ ಫೋನ್ ಮಾಡಿ "ಮೆಷಿನ್ ಶಾಪಿಗೆ ಹುಡುಗರನ್ನೇ ಕಳ್ಸಿ ಸಾರ್, ಶಿಫ್ಟ್ ಇರತ್ತೆ" ಅಂತಾರೆ, ಲಿಸ್ಟ್ ಟೈಪ್ ಆಗೋ ಮೊದಲೇ ಹುಡುಗೀರ ಹೆಸರು ಬಿಟ್ಟು ಹೋಗಿರತ್ತೆ, ಆ ಮಕ್ಕಳಿಗೆ ಕಂಪನಿ ಬಂದಿದ್ದೇ ಗೊತ್ತಾಗಲ್ಲ. ಇದಕ್ಕೆ ಯಾರಿಗೆ ಕಾರ್ಡ್ ಬರೀಬೇಕು?

ಶಿಫ್ಟ್ ನೆಪ ಈಗ ನಡೆಯಲ್ಲ. ಫ್ಯಾಕ್ಟರೀಸ್ ಆ್ಯಕ್ಟಲ್ಲಿ ಹೆಂಗಸರು ರಾತ್ರಿ ಕೆಲಸ ಮಾಡಬಾರದು ಅಂತ ಇತ್ತು ನಿಜ, ಆದ್ರೆ ನಮ್ಮ ರಾಜ್ಯದಲ್ಲಿ 2019ರಲ್ಲೇ ಅವರ ಒಪ್ಪಿಗೆ, ಗಾಡಿ, ಸೇಫ್ಟಿ ವ್ಯವಸ್ಥೆ ಇದ್ರೆ ಮಾಡಬಹುದು ಅಂತ ಆಯ್ತು. ಅದೇ ವರ್ಷ ಗಣಿಗಳಲ್ಲೂ ಭೂಮಿ ಒಳಗಿನ ಟೆಕ್ನಿಕಲ್ ಕೆಲಸಕ್ಕೆ ಹೆಂಗಸರನ್ನ ಹಗಲು ಹೊತ್ತು ತಗೋಬಹುದು ಅಂತ ಕೇಂದ್ರ ಒಪ್ಪಿತು, ಅಂದ್ರೆ ಹಟ್ಟಿಯಂಥ ಚಿನ್ನದ ಗಣಿಯಲ್ಲೂ ಮೈನಿಂಗ್ ಓದಿದ ಹುಡುಗಿ ಕೆಳಗೆ ಇಳೀಬಹುದು. ಇನ್ನೊಂದು ನೆಪ ಹೆರಿಗೆ ರಜೆ. ಸಣ್ಣ ಕಂಪನಿ ಓನರ್‌ಗಳು "26 ವಾರ ಸುಮ್ನೆ ಸಂಬಳ ಕೊಟ್ಟು ನಾವು ಬದುಕೋದು ಹೆಂಗೆ ಮೇಡಂ" ಅಂತಾರೆ. ಆ ಕಷ್ಟ ಪೂರ್ತಿ ಸುಳ್ಳಲ್ಲ, ಜಾಸ್ತಿ ಸಂಬಳದೋರ ವಿಷಯದಲ್ಲಿ ಖರ್ಚೆಲ್ಲ ಮಾಲೀಕರ ತಲೆಗೇ ಕಟ್ಟಿರೋದು ಸರಿ ಇಲ್ಲ, ಸರ್ಕಾರನೂ ಹಂಚ್ಕೋಬೇಕು ಅನ್ನೋದು ನನ್ನ ಅಭಿಪ್ರಾಯ. ಆದ್ರೆ ನಮ್ಮ ಡಿಪ್ಲೊಮಾ ಮಕ್ಕಳಿಗೆ ಸಿಗೋದು ತಿಂಗಳಿಗೆ ಹದಿನೈದು ಹದಿನೆಂಟು ಸಾವಿರ, 21 ಸಾವಿರದೊಳಗೆ ಇದ್ದು ಕಾರ್ಮಿಕರ ವಿಮೆ ಅಂದ್ರೆ ಇಎಸ್‌ಐ ಕಟ್ತಿದ್ರೆ ಹೆರಿಗೆ ರಜೆಯ ದುಡ್ಡು ಕೊಡೋದು ಇಎಸ್‌ಐ, ಓನರ್ ಅಲ್ಲ. ಇದನ್ನ ಓನರ್‌ಗಳಿಗೇ ಬಿಡಿಸಿ ಹೇಳಿದೀನಿ, ಇಬ್ಬರು "ಹೌದಾ?" ಅಂದ್ರು. 50 ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರೋ ಕಡೆ ಮಕ್ಕಳನ್ನ ನೋಡ್ಕೊಳ್ಳೋ ವ್ಯವಸ್ಥೆ ಇರಬೇಕು ಅಂತ 2017ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆ ತಿದ್ದಿದಾಗಲೇ ಬಂತು, ನಮ್ಮ ಇಂಡಸ್ಟ್ರಿಯಲ್ ಏರಿಯಾದಲ್ಲಿ ಎಷ್ಟು ಕಡೆ ಇದೆ ಅಂತ ನಿಮ್ಮ ವರದಿಗಾರರು ಒಂದು ದಿನ ಓಡಾಡಿ ನೋಡ್ಲಿ.

ಬಸ್ಸಿನ ವಿಷಯನೂ ಹೇಳ್ಬಿಡ್ತೀನಿ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ನಮ್ಮ ಹುಡುಗೀರಿಗೆ ನಿಜವಾಗ್ಲೂ ಉಪಕಾರ ಆಗಿದೆ, ಪಾಸ್ ದುಡ್ಡಿಗೆ ಒದ್ದಾಡಿ ಕಾಲೇಜ್ ಬಿಡೋದು ತಪ್ಪಿದೆ. ಆದ್ರೆ ಟಿಕೆಟ್ ಫ್ರೀ ಆದ್ರೆ ಸಾಲದು, ಬಸ್ ಇರಬೇಕಲ್ಲ. ಪ್ರಾಜೆಕ್ಟ್ ಟೈಮಲ್ಲಿ ಹುಡುಗರು ಸಂಜೆ ಏಳರ ತನಕ ಶಾಪಲ್ಲಿ ಇರ್ತಾರೆ, ಕಲಿಯೋದೆಲ್ಲ ಆವಾಗಲೇ, ಸಾರ್ ಇಲ್ಲದಾಗ ಮೆಷಿನ್ ಬಿಚ್ಚಿ ನೋಡೋದು, ಕೆಟ್ಟಿದ್ದನ್ನ ಸರಿ ಮಾಡೋದು. ಹುಡುಗೀರು ಐದಕ್ಕೆ ಬ್ಯಾಗ್ ಎತ್ಕೋತಾರೆ, ಹಳ್ಳಿ ಕಡೆ ಲಾಸ್ಟ್ ಬಸ್ ಮಿಸ್ ಆದ್ರೆ ನಾಳೆಯಿಂದ ಮನೇಲಿ ಕಳ್ಸಲ್ಲ.

ನಮ್ಮ ಮಕ್ಕಳಿಗೆ ನಮ್ಮೋರೇ ಗೊತ್ತಿಲ್ಲ ಅನ್ನೋದು ಇನ್ನೊಂದು ಬೇಜಾರು. ರಾಜೇಶ್ವರಿ ಚಟರ್ಜಿ ಅಂತ ಇದ್ರು, 1922ರಲ್ಲಿ ಹುಟ್ಟಿದ ನಮ್ಮ ಮೈಸೂರು ಸೀಮೆಯ ಕನ್ನಡದ ಹೆಣ್ಣುಮಗಳು, ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಅಂತ ಕರೆಸ್ಕೊಂಡೋರು, ಅಮೆರಿಕದ ಮಿಷಿಗನ್‌ನಲ್ಲಿ ಪಿಎಚ್‌ಡಿ ಮಾಡಿ 1953ರಲ್ಲಿ ಬೆಂಗಳೂರಿಗೇ ವಾಪಸ್ ಬಂದು ಐಐಎಸ್ಸಿಯಲ್ಲಿ, ಅಂದ್ರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟಲ್ಲಿ ಮೈಕ್ರೋವೇವ್ ಇಂಜಿನಿಯರಿಂಗ್ ಕಲ್ಸಿದೋರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರಿನ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು, ಆ ಮನೆಯಲ್ಲಿ ಹೆಣ್ಣುಮಕ್ಕಳು ಓದಬೇಕಾ ಬೇಡ್ವಾ ಅನ್ನೋ ಚರ್ಚೆನೇ ಇರ್ಲಿಲ್ಲ. ಅದೇ ಟಾಟಾ ಇನ್‌ಸ್ಟಿಟ್ಯೂಟಲ್ಲಿ 1933ರಲ್ಲಿ ವಿಜ್ಞಾನಿ ಕಮಲಾ ಸೊಹೋನಿಗೆ ಹೆಣ್ಣು ಅನ್ನೋ ಕಾರಣಕ್ಕೆ ಆಗ ಡೈರೆಕ್ಟರ್ ಆಗಿದ್ದ ಸಿ.ವಿ. ರಾಮನ್ ಸೀಟ್ ಇಲ್ಲ ಅಂದಿದ್ರು, ಆಕೆ ಬಿಡದೆ ಪಟ್ಟು ಹಿಡಿದ ಮೇಲೆ ಒಂದು ವರ್ಷ ಪರೀಕ್ಷೆಗೆ ಇಟ್ಟು ಸೇರಿಸ್ಕೊಂಡ್ರು, ಆಮೇಲೆ ಅವರು ಕೇಂಬ್ರಿಡ್ಜಲ್ಲಿ ಪಿಎಚ್‌ಡಿ ಮಾಡಿದ್ರು. ಅಂಥ ದೊಡ್ಡ ಮನುಷ್ಯರಿಗೇ ಆ ಕಾಲದಲ್ಲಿ ಕಣ್ಣಿಗೆ ಪರದೆ ಇತ್ತು. ನಮ್ಮ ಮಕ್ಕಳು ಇಸ್ರೋ ಇಸ್ರೋ ಅನ್ನೋದು ಯಾಕೆ ಹೇಳಿ, ಮಂಗಳಯಾನ ಆದಾಗ ಸೀರೆ ಉಟ್ಟು ಹೂ ಮುಡಿದ ಹೆಂಗಸರು ನಗ್ತಿರೋ ಫೋಟೋ ಪೇಪರಲ್ಲಿ ನೋಡಿದ್ರು. ಚಂದ್ರಯಾನ-2ಕ್ಕೆ ಪ್ರಾಜೆಕ್ಟ್ ಡೈರೆಕ್ಟರ್ ಎಂ. ವನಿತಾ, ಆದಿತ್ಯ-ಎಲ್1ಕ್ಕೆ ನಿಗಾರ್ ಶಾಜಿ. ಕಂಡಿದ್ದನ್ನೇ ಮಕ್ಕಳು ಬೇಕು ಅಂತಾರೆ. ಗೇರ್ ಬಾಕ್ಸ್ ಬಿಚ್ಚೋ ಹೆಂಗಸು, ಟ್ರಾನ್ಸ್‌ಫಾರ್ಮರ್ ಟೆಸ್ಟ್ ಮಾಡೋ ಹೆಂಗಸು ಅವರಿಗೆ ಎಲ್ಲಿ ಕಾಣ್ತಾರೆ?

ಅದಕ್ಕೇ ನನ್ನದೊಂದು ವಿನಂತಿ. ಹತ್ತು ವರ್ಷದ ಹಿಂದೆ ನೀವು ಫೋಟೋ ಹಾಕಿದ್ರಲ್ಲ ಬಾಲಕಿಯರೇ ಮೇಲುಗೈ ಅಂತ, ಜಿಲ್ಲೆಗೆ ಇಬ್ಬರನ್ನ ಹುಡುಕಿ, ಈಗ ಎಲ್ಲಿದಾರೆ, ಏನ್ ಮಾಡ್ತಿದಾರೆ, ಬಿಟ್ಟಿದ್ರೆ ಯಾಕೆ ಬಿಟ್ರು ಅಂತ ಕೇಳಿ ಬರೀರಿ. ಗಟ್ಟಿಯಾಗಿ ನಿಂತೋರೂ ಸಿಗ್ತಾರೆ, ಅವರ ಫೋಟೋ ಕತ್ತರಿಸಿ ಅಂಟಿಸೋಕೆ ನನ್ನ ನೋಟಿಸ್ ಬೋರ್ಡಲ್ಲಿ ಜಾಗ ಖಾಲಿ ಇಟ್ಟಿರ್ತೀನಿ.

ಮುಂದಿನ ತಿಂಗಳು ನಮ್ಮಲ್ಲಿಗೆ ಒಂದು ಕಂಪನಿ ಬರ್ತಿದೆ. ಎಂದಿನ ಥರ ಹುಡುಗರನ್ನೇ ಕಳ್ಸಿ ಅಂದಿದ್ರು. ಪ್ಲೇಸ್‌ಮೆಂಟ್ ಸಾರ್ ಹತ್ರ ನಂಬರ್ ಇಸ್ಕೊಂಡು ನಾನೇ ಫೋನ್ ಮಾಡ್ದೆ, ಟೂಲ್ ಗ್ರೈಂಡಿಂಗ್ ನಮ್ಮ ಬ್ಯಾಚಲ್ಲೇ ಚೆನ್ನಾಗಿ ಮಾಡೋಳು ಒಬ್ಬಳು ಹುಡುಗಿ, ಪ್ರಾಕ್ಟಿಕಲ್ ಟೆಸ್ಟ್ ಇಟ್ಟು ನೋಡಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ಸರಿ ಮೇಡಂ, ಲಿಸ್ಟಿಗೆ ಹೆಸರು ಸೇರ್ಸಿ" ಅಂದ್ರು. ಸೇರ್ಸಿದೀನಿ. ನಿಮ್ಮ ಶಾಪ್ ಫ್ಲೋರಲ್ಲಿ ಲೇಡೀಸ್ ಟಾಯ್ಲೆಟ್ ಇದೆಯಾ ಅಂತಾನೂ ಕೇಳ್ದೆ, ವಿಚಾರಿಸಿ ಹೇಳ್ತೀನಿ ಅಂದಿದಾರೆ, ಇನ್ನೂ ಫೋನ್ ಬಂದಿಲ್ಲ, ಸೋಮವಾರ ಮತ್ತೆ ಮಾಡ್ತೀನಿ.

ಇಂತಿ,
ನಿಮ್ಮ ಓದುಗಳು,
ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್, ತುಮಕೂರು ಜಿಲ್ಲೆ